ಅತ್ತೆಯ ಬಿಸ್ಕತ್ ಡಬ್ಬದಲ್ಲಿ 43 ಹಾಳೆ

ಮೈಸೂರಿನಲ್ಲಿ ನನ್ನ ಸೋದರತ್ತೆ ಇದ್ದಾರೆ. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಮಾಡಿ ಮಾರ್ತಾರೆ. ದೊಡ್ಡ ವ್ಯಾಪಾರವೇನಲ್ಲ. ಸೋಮವಾರ ಹುರಿಯೋದು, ಮಂಗಳವಾರ ಮಿಲ್ಲು, ಬುಧವಾರ ಪ್ಯಾಕಿಂಗು. ಒಂದು ಸಲಕ್ಕೆ ಚಟ್ನಿಪುಡಿ ಐದು ಪ್ಯಾಕೆಟ್ ಆದರೆ ಸಾರಿನಪುಡಿ ಹನ್ನೊಂದು. ಆರ್ಡರ್ ಎಷ್ಟಿದೆಯೋ ಅಷ್ಟೇ.

ಎರಡು ವರ್ಷದ ಹಿಂದೆ ಅವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಆಯ್ತು. ಪುಡಿಯ ಹೆಸರು, ಸಾಮಗ್ರಿ, ವಿಳಾಸ, 14 ಅಂಕಿಯ ನೋಂದಣಿ ಸಂಖ್ಯೆ, ಹಸಿರು ಚುಕ್ಕಿ ಎಲ್ಲವನ್ನೂ ಕವರಿನ ಮೇಲೇ ಅಚ್ಚು ಹಾಕಿಸಿದರು. ಪ್ರತಿ ಸಲ ಬದಲಾಗೋದು ತೂಕ, ಬ್ಯಾಚ್ ನಂಬರು, ತಯಾರಿಸಿದ ದಿನ, ಯಾವತ್ತಿನ ತನಕ ಬಳಸಬಹುದು ಅನ್ನೋದು. ಅದಕ್ಕೆ ಅಂಟಿಸೋ ಲೇಬಲ್ ಬೇಕು. 'ನಮ್ಮ ಪುಟ್ಟಿ ಕಂಪ್ಯೂಟರ್ ಇಂಜಿನಿಯರು' ಅಂತ ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದಾರಲ್ಲ, ನಾನು ಒಂದು ಶನಿವಾರ, ಒಂದು ಭಾನುವಾರ ಕೂತು ಪುಟ್ಟ ಸಾಫ್ಟ್‌ವೇರ್ ಬರೆದುಕೊಟ್ಟೆ. ಪುಡಿ ಆರಿಸಿ, ತೂಕ ಆರಿಸಿ, ಎಷ್ಟು ಲೇಬಲ್ ಅಂತ ಒತ್ತಿದರೆ ಪಿಡಿಎಫ್ ಬರುತ್ತೆ. ಅಂಗಡಿಯಲ್ಲಿ ಸಿಗೋ ಎ4 ಲೇಬಲ್ ಹಾಳೆಗೆ ಸರಿಯಾಗಿ ಕೂರುತ್ತೆ. ಅಡ್ಡಕ್ಕೆ ಮೂರು, ಉದ್ದಕ್ಕೆ ಎಂಟು, ಒಟ್ಟು 24. ಒಂದೊಂದು ಲೇಬಲ್ಲು ಸುಮಾರು 64 ಮಿ.ಮೀ. ಅಗಲ, 34 ಮಿ.ಮೀ. ಎತ್ತರ.

ಬರೆದುಕೊಟ್ಟ ಮೂರನೇ ವಾರಕ್ಕೇ ಅತ್ತೆ ಫೋನ್ ಮಾಡಿದ್ದರು. "ಪುಟ್ಟಿ, ಐದು ಲೇಬಲ್ ಹೊಡೆದರೆ ಮಿಕ್ಕಿದ್ದು ಹತ್ತೊಂಬತ್ತು ಉಳಿಯುತ್ತಲ್ಲ, ಅದರ ಮೇಲೆ ಹೊಡೆಯೋದು ಹೇಗೇ?"

ಆಫೀಸಲ್ಲಿ ಮೀಟಿಂಗಿಗೆ ಹೊರಟಿದ್ದೆ. "ಅತ್ತೆ, ಒಂದು ಹಾಳೆ ಐದೋ ಆರೋ ರೂಪಾಯಿ. ಅದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರ, ಹೊಸ ಹಾಳೆ ಹಾಕಿ" ಅಂದೆ. ಅವರು "ಹೂಂ" ಅಂದರು. ಮತ್ತೆ ಆ ಮಾತೇ ಎತ್ತಲಿಲ್ಲ. ಸಮಸ್ಯೆ ಮುಗೀತು ಅಂದ್ಕೊಂಡೆ.

ಈ ಸಲ ದಸರಾಗೆ ಹೋದಾಗ ನಡುಮನೆಯಲ್ಲಿ ಹನ್ನೊಂದು ಪ್ಯಾಕೆಟ್ ಸಾರಿನಪುಡಿ ಒಂದು ಚೀಲದಲ್ಲಿ ಬಿದ್ದಿತ್ತು. ಅಂಗಡಿಯವರು ವಾಪಸ್ ಕಳಿಸಿದ್ದಂತೆ. ಪುಡಿ ಕೆಟ್ಟಿರಲಿಲ್ಲ. ದಿನಾಂಕ ಕೈಬರಹದಲ್ಲಿತ್ತು. 'ಪೆನ್ನಲ್ಲಿ ಬರೆದಿರೋ ಡೇಟ್ ನೋಡಿದ್ರೆ ಗಿರಾಕಿಗಳು ಅನುಮಾನ ಪಡ್ತಾರೆ, ಹಳೇದನ್ನ ತಿದ್ದಿದೀರಾ ಅಂತ ನನ್ನ ಕೇಳ್ತಾರೆ' ಅಂದರಂತೆ. ಅವರು ಹೇಳಿದ್ದು ತಪ್ಪೂ ಅಲ್ಲ. ನಾನಾದರೂ ಹಾಗೇ ಅನುಮಾನ ಪಡ್ತಿದ್ದೆ.

"ಕೈಯಲ್ಲಿ ಯಾಕೆ ಬರೆದ್ರಿ?" ಅಂದಾಗ ಅತ್ತೆ ಅಟ್ಟದಿಂದ ಹಳೇ ಬಿಸ್ಕತ್ ಡಬ್ಬ ಇಳಿಸಿದರು. ಅದರೊಳಗೆ ಲೇಬಲ್ ಹಾಳೆಗಳು. ಎಲ್ಲವೂ ಮೇಲಿನ ಒಂದೆರಡು ಸಾಲು ಕಿತ್ತಿರೋವು. ಎಣಿಸಿದೆ: 43 ಹಾಳೆ, 612 ಲೇಬಲ್. ಇನ್ನೆಷ್ಟೋ ಲೇಬಲ್ಲುಗಳನ್ನ ಅವರು ಒಂದೊಂದಾಗಿ ಪೆನ್ನಲ್ಲಿ ಬರೆದು ಆಗಲೇ ಬಳಸಿ ಮುಗಿಸಿದ್ದರು. ಬೆಂಡೆಕಾಯಿಯ ತೊಟ್ಟನ್ನೂ ಲೆಕ್ಕ ಹಾಕಿ ಕತ್ತರಿಸೋ ಹೆಂಗಸಿಗೆ ನಾನು 'ಹೊಸ ಹಾಳೆ ಹಾಕಿ' ಅಂದಿದ್ದೆ.

ತಪ್ಪು ಏನು ಅಂದರೆ, ನನ್ನ ಸಾಫ್ಟ್‌ವೇರ್ ಪ್ರತಿ ಸಲವೂ ಹಾಳೆ ಪೂರ್ತಿ ಇದೆ ಅಂತಲೇ ನಂಬಿತ್ತು. ಎಡಗಡೆ ಮೇಲಿನ ಮೂಲೆಯಿಂದ ಶುರು. ನನ್ನ ಕಂಪ್ಯೂಟರಲ್ಲಿ ಹಾಳೆ ಯಾವಾಗಲೂ ಪೂರ್ತಿನೇ ಇರುತ್ತೆ, ಅದು ಬರೀ ಚಿತ್ರ ತಾನೆ. ಅತ್ತೆಯ ಮೇಜಿನ ಮೇಲಿನ ಹಾಳೆ ಹೇಗಿದೆ ಅಂತ ಅದು ಕೇಳಲೇ ಇಲ್ಲ. ಈ ತೊಂದರೆ ಹೊಸದೇನಲ್ಲ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಒಂದೇ ಲೇಬಲ್ ಹೊಡೆಯೋಕೆ ಎಷ್ಟನೇ ಸಾಲು, ಎಷ್ಟನೇ ಕಂಬ ಅಂತ ಕೇಳೋ ಆಯ್ಕೆ ಇದೆ. ಬೇರೆ ಬೇರೆ ವಿಳಾಸಗಳ ಪಟ್ಟಿ ಹೊಡೆಯುವಾಗ ಎಷ್ಟೋ ಜನ ಎಕ್ಸೆಲ್ ಪಟ್ಟಿಯ ತಲೆಗೆ ಖಾಲಿ ಸಾಲುಗಳನ್ನ ಸೇರಿಸಿ ಬರಹವನ್ನ ಕೆಳಕ್ಕೆ ತಳ್ತಾರೆ. ಅತ್ತೆಗೆ ಅದನ್ನೆಲ್ಲ ಹೇಳೋಕಾಗುತ್ತಾ?

ಅವತ್ತು ರಾತ್ರಿಯೇ ಲ್ಯಾಪ್‌ಟಾಪ್ ತೆಗೆದೆ. ಸುಲಭದ ದಾರಿ ಅಂತ 'ಎಷ್ಟನೇ ಲೇಬಲ್‌ನಿಂದ ಶುರು?' ಅನ್ನೋ ಒಂದು ಚೌಕ ಸೇರಿಸಿದೆ. ಬೆಳಗ್ಗೆ ಅತ್ತೆ ಐದು ಕಿತ್ತಿದ್ದ ಹಾಳೆ ತಗೊಂಡು, 3 ಅಂತ ಒತ್ತಿದರು. ಲೇಬಲ್ ಕಿತ್ತು ಬೋಳಾಗಿದ್ದ ಜಾಗದ ಮೇಲೇ ಅಚ್ಚಾಯ್ತು.

ನಾನು ಎಣಿಸೋದು ಎಡದಿಂದ ಬಲಕ್ಕೆ, ಆಮೇಲೆ ಕೆಳಗಿನ ಸಾಲು. ಅತ್ತೆ ಎಣಿಸೋದು ದಿನಸಿ ಚೀಟಿ ಥರ, ಮೇಲಿಂದ ಕೆಳಕ್ಕೆ. ಅವರ ಮೂರನೇದು ನನ್ನ ಏಳನೇದು. ಬೋಳಾಗಿ ಹೊಳೆಯೋ ಆ ಹಿಂಬದಿ ಕಾಗದ ಇಂಕ್ ಹೀರೋದಿಲ್ಲ. ಒದ್ದೆ ಇಂಕು ಪ್ರಿಂಟರಿನ ಉರುಳೆಗೆ ಮೆತ್ತಿ, ಮುಂದಿನ ಎರಡು ಹಾಳೆಗೂ ಕಾಡಿಗೆ ಬಳಿದಂಗಾಯ್ತು. ಅತ್ತೆ ಏನೂ ಅನ್ನದೆ ಬಟ್ಟೆ ತಂದು ಒರೆಸಿದರು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ನಂಬರ್ ಕೇಳೋದನ್ನೇ ಬಿಟ್ಟೆ. ಪರದೆ ಮೇಲೆ ಹಾಳೆಯ ಚಿತ್ರವನ್ನೇ ಬರೆದೆ, 24 ಚೌಕ. ಯಾವುದರ ಮೇಲೆ ಹೊಡೆಯಬೇಕೋ ಅದನ್ನ ಮುಟ್ಟಿ ಅಂತ ಮೊದಲು ಇಟ್ಟಿದ್ದೆ. ಅತ್ತೆಯ ಬೆರಳು ಮಾತ್ರ ಪ್ರತಿ ಸಲವೂ ಕಿತ್ತುಹೋದ ಚೌಕಕ್ಕೇ ಹೋಗ್ತಿತ್ತು. ಕೈಯಲ್ಲಿರೋ ಹಾಳೆಯಲ್ಲಿ ಮೊದಲು ಕಣ್ಣಿಗೆ ಬೀಳೋದು ಬೋಳು ಜಾಗ ಅಲ್ವಾ? ಹಾಗಾಗಿ ತಿರುಗಿಸಿಟ್ಟೆ. ಕಿತ್ತಿರೋದನ್ನ ಮುಟ್ಟಿದರೆ ಅದು ಬೂದು ಬಣ್ಣ ಆಗುತ್ತೆ. ಕೆಳಗೆ 'ಉಳಿದಿರೋದು 19, ಬೇಕಾಗಿರೋದು 11' ಅಂತ ತೋರಿಸುತ್ತೆ. ಸಾಲದಿದ್ದರೆ ಎರಡನೇ ಹಾಳೆಯ ಚಿತ್ರ ತೆರೆಯುತ್ತೆ.

"ಹೋದ ಸಲ ಎಲ್ಲಿ ನಿಲ್ಲಿಸಿದ್ವಿ ಅಂತ ಅದೇ ನೆನಪಿಟ್ಕೊಳ್ಳಲ್ವಾ?" ಅಂತ ನನ್ನ ಗಂಡ ಕೇಳಿದ. ನೆನಪಿಡಿಸಿ ನೋಡಿದೆ. ಅತ್ತೆ ಒಂದೇ ಹೊತ್ತಿಗೆ ಮೂರು ಹಾಳೆ ಬಳಸ್ತಾರೆ. ನಡುವೆ ಕರೆಂಟ್ ಹೋಗುತ್ತೆ, ಇಲ್ಲ ಹಾಳೆ ಸಿಕ್ಕಿಹಾಕಿಕೊಳ್ಳುತ್ತೆ. ಆಗ ಸಾಫ್ಟ್‌ವೇರ್ ಹೊಡೆದಾಯ್ತು ಅಂದ್ಕೊಂಡಿರುತ್ತೆ, ಹಾಳೆ ಮಾತ್ರ ಖಾಲಿ. ಆ ನೆನಪನ್ನ ಎರಡೇ ದಿನಕ್ಕೆ ಕಿತ್ತುಹಾಕಿದೆ. ಅತ್ತೆಯ ಕಣ್ಣಿಗೆ ಹಾಳೆ ಕಾಣುತ್ತೆ, ನನ್ನ ಪ್ರೋಗ್ರಾಮಿಗೆ ಕಾಣಲ್ಲ. ಕೇಳೋದೇ ವಾಸಿ.

ಇನ್ನೂ ಎರಡು ಎಡವಟ್ಟು ಉಳಿದಿತ್ತು. ನೀವೂ ಮನೆಯಲ್ಲಿ ಲೇಬಲ್ ಹೊಡೆಯೋರಾದರೆ ನಿಮಗೂ ಬೇಕಾಗುತ್ತೆ.

ಒಂದು, ಪ್ರಿಂಟ್ ಒತ್ತುವಾಗ 'ಫಿಟ್ ಟು ಪೇಜ್' ಅಂತ ಇದ್ದರೆ ಪುಟ ತುಸು ಕುಗ್ಗುತ್ತೆ. ನೂರಕ್ಕೆ ಮೂರು ಕುಗ್ಗಿದರೂ 297 ಮಿ.ಮೀ. ಉದ್ದದ ಹಾಳೆಯಲ್ಲಿ ಹತ್ತಿರಹತ್ತಿರ 9 ಮಿ.ಮೀ. ವ್ಯತ್ಯಾಸ, ಅಕ್ಷರ ಪಕ್ಕದ ಲೇಬಲ್ಲಿಗೆ ಕಾಲಿಡುತ್ತೆ. 'ಆಕ್ಚುಯಲ್ ಸೈಜ್' ಅಂತಲೇ ಇರಬೇಕು. ಮೊದಲು ಬಿಳಿ ಹಾಳೆ ಮೇಲೆ ಹೊಡೆದು, ಲೇಬಲ್ ಹಾಳೆಯ ಜೊತೆ ಹಿಡಿದು ಕಿಟಕಿ ಬೆಳಕಿಗೆ ನೋಡಿ.

ಇನ್ನೊಂದು ಗೊತ್ತಾಗಿದ್ದು ಜೆರಾಕ್ಸ್ ಅಂಗಡಿಯಲ್ಲಿ. ಮನೆಯ ಪ್ರಿಂಟರು ಇಂಕಿನದು, ಒದ್ದೆ ಕೈ ತಾಗಿದರೆ ದಿನಾಂಕ ಕಲೆಸಿಹೋಗುತ್ತೆ. ಲೇಸರ್‌ನಲ್ಲಿ ಹೊಡೆಸೋಣ ಅಂತ ಹೋದರೆ ಅಂಗಡಿಯ ಹುಡುಗ ಹಾಳೆ ನೋಡಿದವನೇ ಕೈ ಆಡಿಸಿದ. "ಕಿತ್ತಿರೋ ಶೀಟ್ ಹಾಕಲ್ಲ ಮೇಡಂ. ಒಳಗಡೆ ಅಂಟ್ಕೊಂಡ್ರೆ ನನ್ ಮಷಿನ್ ಹೋಗುತ್ತೆ." ಅವನು ಹೇಳಿದ್ದೇ ಸರಿ. ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿಯನ್ನ ಕಾಗದಕ್ಕೆ ಕರಗಿಸಿ ಕೂರಿಸೋ ಉರುಳೆ 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದಿರುತ್ತೆ. ಆ ಬಿಸಿಗೆ ಗೋಂದು ಮೆತ್ತಗಾಗಿ, ಬೋಳು ಜಾಗದ ಅಂಚಿನ ಲೇಬಲ್ಲು ಮೇಲೆದ್ದು ಉರುಳೆಗೇ ಅಂಟಿಕೊಳ್ಳಬಹುದು. ಬಳಕೆದಾರರಿಗೆ ಆಯ್ಕೆ ಕೊಟ್ಟೆ ಅಂತ ನಾನು ಬೀಗ್ತಿದ್ದೆ. ಆ ಆಯ್ಕೆಯಿಂದ ಯಾರದೋ ಮಷಿನ್ ಕೆಡಬಹುದು ಅನ್ನೋದು ನನ್ನ ತಲೆಯಲ್ಲೇ ಇರಲಿಲ್ಲ.

ವಾಪಸ್ ಬಂದು ಎರಡು ಬದಲಾವಣೆ ಮಾಡಿದೆ. ಹೊಸ ಹಾಳೆಯಾದರೆ ಈಗ ಕೆಳಗಿನ ಸಾಲಿನಿಂದ ತುಂಬಿಕೊಂಡು ಬರುತ್ತೆ. ಪ್ರಿಂಟರಿಗೆ ಮೊದಲು ಹೋಗೋ ಅಂಚು ಹಾಗೇ ಗಟ್ಟಿಯಾಗಿ ಉಳಿಯುತ್ತೆ. ಡಬ್ಬದಲ್ಲಿದ್ದ ಮೇಲ್ಭಾಗ ಕಿತ್ತ ಹಾಳೆಗಳಿಗೆ 'ತಿರುಗಿಸು' ಅನ್ನೋ ಗುಂಡಿ ಇಟ್ಟೆ. ಮೇಲೆ ಕೆಳಗೆ ಅಂಚು ಒಂದೇ ಸಮ ಇರೋದರಿಂದ ಹಾಳೆಯನ್ನ ತಲೆಕೆಳಗಾಗಿ ಇಡಬಹುದು, ಪರದೆಯ ಚಿತ್ರವೂ ಹಾಗೇ ತಿರುಗುತ್ತೆ. ಯಾವ ಕಡೆ ತಲೆ ಅಂತ ಗೊಂದಲ ಆಗದಿರಲಿ ಅಂತ ಅತ್ತೆ ತಾವೇ ಪ್ರತಿ ಹಾಳೆಯ ಮೂಲೆಗೂ ಅರಿಶಿನದಲ್ಲಿ ಒಂದು ಬೊಟ್ಟು ಇಟ್ಟರು. ಪೆನ್ನಲ್ಲಿ ಬಾಣ ಹಾಕಿ ಅಂದಿದ್ದೆ. ಬೊಟ್ಟೇ ಚೆನ್ನಾಗಿ ಕಾಣುತ್ತಂತೆ.

ಆ ಹನ್ನೊಂದು ಪ್ಯಾಕೆಟ್ಟಿಗೆ ಅಚ್ಚಾದ ಲೇಬಲ್ ಅಂಟಿಸಿ ವಾಪಸ್ ಕಳಿಸೋಣ ಅಂದೆ. ಅತ್ತೆ ಒಪ್ಪಲಿಲ್ಲ. "ಒಂದು ಸಲ ಅನುಮಾನ ಬಂದಿದ್ದಕ್ಕೆ ಮೇಲೆ ಹೊಸ ಲೇಬಲ್ ಹಚ್ಚಿದರೆ ಅದು ನಿಜವಾಗಲೂ ತಿದ್ದಿದಂಗೇ ಕಣೇ" ಅಂದರು. ಅಷ್ಟನ್ನೂ ನೆಂಟರಿಗೆ ಹಂಚಿದರು. ನನ್ನ ಪಾಲಿನದು ಇನ್ನೂ ಅರ್ಧ ಡಬ್ಬ ಇದೆ. ಮುಂದಿನ ಬ್ಯಾಚಿನ ಪ್ಯಾಕೆಟ್ಟುಗಳನ್ನ ಅದೇ ಅಂಗಡಿಯವರು ಮಾತಿಲ್ಲದೆ ಇಟ್ಟುಕೊಂಡರಂತೆ.

ಮೊನ್ನೆ ಫೋನ್ ಮಾಡಿದಾಗ ಬಿಸ್ಕತ್ ಡಬ್ಬದಲ್ಲಿ ಒಂಬತ್ತೇ ಹಾಳೆ ಉಳಿದಿತ್ತು. ಅದರಲ್ಲಿ ಒಂದರ ಮೇಲೆ ಒಂದೇ ಒಂದು ಲೇಬಲ್ಲು, ನಟ್ಟನಡುವೆ. "ಅದನ್ನೂ ಹೊಡೆಯಬಹುದು ಅತ್ತೆ, ಉಳಿದ ಇಪ್ಪತ್ತಮೂರನ್ನೂ ಮುಟ್ಟಿ, ಅಷ್ಟೇ" ಅಂದೆ.

"ಇಪ್ಪತ್ತಮೂರು ಸಲ ಯಾರು ಒತ್ತುತಾರೆ ಹೋಗೇ. ಅದನ್ನ ಕಿತ್ತು 'ಕಲ್ಲುಪ್ಪು' ಅಂತ ಬರೆದು ಜಾಡಿಗೆ ಅಂಟಿಸಿಬಿಟ್ಟೆ."