ಪಾಸ್‌ವರ್ಡಿಗೂ ಒಂದು ವಹಿ ಇರಲಿ

ಹೋದ ಶ್ರಾವಣದಾಗ ನಮ್ಮನಿ ಕಂಪ್ಯೂಟರ್ ಕೈ ಕೊಡ್ತು. ಅವತ್ತ ಮಂಗಳಗೌರಿ. ನಾ ಅಡಗಿ ಮನ್ಯಾಗ ಕಟ್ಟಿನ ಸಾರಿಗೆ ಒಗ್ಗರಣಿ ಹಾಕ್ಲಿಕ್ಕೆ ಹತ್ತಿದ್ದೆ, ಒಳಗಿನ ಕೋಣ್ಯಾಗಿಂದ ನಮ್ಮನಿಯವರು "ಏ, ಇದ್ಯಾಕ ಖಟ್ ಖಟ್ ಅನ್ಲಿಕ್ಕೆ ಹತ್ಯದ ನೋಡ ಬಾ" ಅಂತ ಒದರಿದ್ರು. ನಾ ಹೋಗೋದ್ರಾಗ ಸದ್ದೂ ನಿಂತಿತ್ತು, ಪರದಿನೂ ಕರೀ ಆಗಿತ್ತು. ರಿಪೇರಿ ಹುಡುಗ ಬಂದು ನೋಡಿ, "ಹಾರ್ಡ್ ಡಿಸ್ಕ್ ಹೋಗ್ಯದ್ರಿ ಕಾಕಾ. ಒಳಗಿಂದು ಬೇಕಂದ್ರ ದೊಡ್ಡ ಊರಿಗೆ ಕಳಸ್ಬೇಕು, ಭಾಳ ರೊಕ್ಕ ಆಗ್ತದ, ಬಂದೇ ಬರ್ತದ ಅಂತ ಹೇಳ್ಲಿಕ್ಕೆ ಬರೂದಿಲ್ಲಾ" ಅಂದ.

ಫೋಟೋ ಎಲ್ಲಾ ಮಗಳು ಪೆನ್ ಡ್ರೈವಿನಾಗ ಹಾಕಿ ಕೊಟ್ಟಿದ್ಲು, ಹಿಂಗಾಗಿ ನನಗ ಅಷ್ಟೇನು ಚಿಂತಿ ಆಗ್ಲಿಲ್ಲಾ. ಹೊಸಾ ಡಿಸ್ಕ್ ಹಾಕ್ಸಿದ್ರ ಆತು ಅಂದೆ. ಹಾಕ್ಸಿದ್ದೂ ಆತು. ಖರೇ ತ್ರಾಸು ಸುರು ಆಗಿದ್ದು ಆಮ್ಯಾಲೆ. ಲೈಟ್ ಬಿಲ್ ತುಂಬಬೇಕು, ಪಾಸ್‌ವರ್ಡ್ ಕೇಳ್ತು. ಗ್ಯಾಸ್, ವಿಮಾ ಕಂತು, ಮನಿ ಕರ, ಪೆನ್ಶನ್ ಕಾಗದ, ಎಲ್ಲಾದಕ್ಕೂ ಪಾಸ್‌ವರ್ಡ್. "ಏನದ ಹೇಳ್ರಿ" ಅಂದೆ ಇವರಿಗೆ. ಇವರು ಮಾರಿ ಸಣ್ಣದು ಮಾಡಿ, "ನನಗೇನ ಗೊತ್ತು? ಕಂಪ್ಯೂಟರಿಗೆ ಗೊತ್ತಿತ್ತು" ಅಂದ್ರು.

ಆ ಒಂದು ಮಾತು ನನ್ನ ತಲ್ಯಾಗ ಕೂತದ. ಅದಕ್ಕ ಇವತ್ತ ಬರೀಲಿಕ್ಕೆ ಹತ್ತೇನಿ.

ನಮ್ಮ ಅತ್ತಿಯವರ ಸೊಂಟದಾಗ ಕೀಲಿಕೈ ಗೊಂಚಲ ಇರ್ತಿತ್ತು. ತಿಜೋರಿದು, ಕಾಳಿನ ಕೋಣಿದು, ಹಿತ್ತಲ ಬಾಗಲದ್ದು. ಗಂಡಸರು ಏನರ ಬೇಕಂದ್ರ ಅವರನ್ನ ಕೇಳಬೇಕಿತ್ತು. ಈಗ ನೋಡ್ರಿ, ಮನಿ ಕೀಲಿಕೈ ಎಲ್ಲಾ ಕಂಪ್ಯೂಟರಿನೊಳಗ ಹೋಗ್ಯಾವ. ಅದನ್ನ ಇಟ್ಟವರಿಗೇ ಅದು ನೆನಪಿಲ್ಲಾ, ಮನಿ ನಡಸೋ ನಮಗಂತೂ ಗೊತ್ತೇ ಇಲ್ಲಾ. ಇದು ಛೊಲೋ ಅಲ್ಲಾ. ಪಾಸ್‌ವರ್ಡ್ ಒಂದು ವಹ್ಯಾಗ ಬರದು ಮನ್ಯಾಗ ಇಡಬೇಕು, ಆ ವಹಿ ಎಲ್ಲದ ಅನ್ನೋದು ಮನಿ ಹೆಣಮಗಳಿಗೆ ಗೊತ್ತಿರಬೇಕು. ನಾ ಹೇಳೋದು ಇಷ್ಟ.

ಹೇಳಿದ ಕೂಡಲೇ ಪುಣೆದಾಗಿನ ಮಗ ಫೋನಿನಾಗ ನಕ್ಕ. "ಅವ್ವಾ, ಪಾಸ್‌ವರ್ಡ್ ಬರದಿಡಬಾರದು ಅಂತ ಸಾಲ್ಯಾಗಿನ ಹುಡುಗರಿಗೂ ಗೊತ್ತದ" ಅಂದ. ಅವನ ಮಾತಿಗೆ ಉತ್ತರ ಕೊಡೂದಕಿಂತ ಮೊದಲ ನಮಗ ಏನೇನಾತು ಅನ್ನೋದು ಹೇಳ್ತೇನಿ, ಯಾಕಂದ್ರ ನಾಳೆ ನಿಮಗೂ ಬರಬಹುದು.

ಕಂಪ್ಯೂಟರಿನ ಕ್ರೋಮ್ "ಪಾಸ್‌ವರ್ಡ್ ಉಳಸ್ಲೇನು?" ಅಂತ ಕೇಳ್ತದಲ್ಲಾ, ಇವರು ಪ್ರತಿ ಸಲ ಹೂಂ ಅಂತ ಒತ್ತಿದ್ರು. ಕ್ರೋಮಿನಾಗ ಗೂಗಲ್ ಖಾತೆ ಹಾಕಿ ಸಿಂಕ್ ಅಂತ ಚಾಲೂ ಇಟ್ಟಿದ್ರ, ಆ ಪಾಸ್‌ವರ್ಡ್ ಎಲ್ಲಾ ಗೂಗಲ್ ಕಡೆನೂ ಇರ್ತಿದ್ವು, ಹೊಸಾ ಡಿಸ್ಕಿನ ಮ್ಯಾಲೆ ಮತ್ತ ಬರ್ತಿದ್ವು. ಇವರು ಹಾಕಿರಲಿಲ್ಲಾ. ಹಿಂಗಾಗಿ ಅವೆಲ್ಲಾ ಆ ಡಿಸ್ಕಿನಾಗಷ್ಟ ಇದ್ವು, ಅದರ ಜೋಡಿನೇ ಹೋದ್ವು. ಹಳೇ ಡಿಸ್ಕಿನಿಂದ ಆ ಫೈಲ್ ತಗದ್ರೂ ಉಪಯೋಗ ಇಲ್ಲಂತ. ಕ್ರೋಮ್ ಆ ಫೈಲಿಗೆ ಹಾಕಿದ ಕೀಲಿ, ಆ ವಿಂಡೋಸಿನ ಲಾಗಿನ್ ಜೋಡಿ ಗಂಟು ಬಿದ್ದಿರ್ತದ. ಬ್ಯಾರೆ ಕಂಪ್ಯೂಟರಿನಾಗ ಹಂಗ ತಗೀಲಿಕ್ಕೆ ಬರೂದಿಲ್ಲಾ. ಮತ್ತ ಇಂಟರ್‌ನೆಟ್ಟಿನಾಗ "ಹೋದ ಪಾಸ್‌ವರ್ಡ್ ತಗದು ಕೊಡ್ತೇವಿ" ಅನ್ನೋ ಪುಕ್ಕಟ ಸಾಫ್ಟ್‌ವೇರ್ ಭಾಳ ಅವ. ಅವನ್ನ ಹಾಕ್ಕೋಬ್ಯಾಡ್ರಿ. ಅದರಾಗ ಎಷ್ಟೋ ಕಳ್ಳರವೇ ಇರ್ತಾವ.

ಹಂಗಾರ ಒಂದೊಂದೇ "ಪಾಸ್‌ವರ್ಡ್ ಮರತೇನಿ" ಅಂತ ಒತ್ತಿ ಹೊಸಾದು ಮಾಡ್ಕೊಳ್ಳೋದೇ ಉಳೀತು. ಮೊಬೈಲಿಗೆ ಓಟಿಪಿ ಬರೋವೆಲ್ಲಾ ಲಗೂನ ಆದ್ವು. ಆದ್ರ ಅರ್ಧಕ್ಕರ್ಧ ಇವರ ಹಳೇ ಮೇಲಿಗೆ ಕಟ್ಟಿದ್ವು. ಆ ಮೇಲಿನ ಪಾಸ್‌ವರ್ಡೂ ಕಂಪ್ಯೂಟರಿನಾಗನ ಇತ್ತು! ಆ ಮೇಲಿಗೆ ಕೊಟ್ಟಿದ್ದ ಮೊಬೈಲ್ ನಂಬರ್ ಯಾವುದು ಅಂದ್ರ, ನಾವು ಬಿಟ್ಟು ನಾಲ್ಕು ವರ್ಷ ಆದ ಹಳೇ ಸಿಮ್ಮು. ಎಂಟು ದಿವಸ ಇವರಿಗೆ ಊಟ ರುಚಿ ಹತ್ತಲಿಲ್ಲಾ.

ಕಡೀಕೆ ದಾರಿ ಸಿಕ್ಕಿದ್ದು ಆಟಿಗಿ ಡಬ್ಬಿಯೊಳಗ. ಇವರ ಹಳೇ ಫೋನು, ಕಾಜು ಸೀಳಿದ್ದು, ಮೊಮ್ಮಗ ಬಂದಾಗ ಆಡ್ಲಿ ಅಂತ ನಾನು ಎತ್ತಿಟ್ಟಿದ್ದೆ. ಅದರಾಗ ಆ ಹಳೇ ಮೇಲ್ ಇನ್ನೂ ತಗದೇ ಇತ್ತು. ಚಾರ್ಜ್ ಮಾಡಿ, ಮನಿ ವೈಫೈಗೆ ಹಚ್ಚಿ, ಮೊಮ್ಮಗನ ಕಡಿಂದ ಪ್ಯಾಟರ್ನ್ ಕೇಳಿ ತಗದ್ವಿ. ಕಂಪ್ಯೂಟರಿನಿಂದ ಪಾಸ್‌ವರ್ಡ್ ಮರತೇನಿ ಅಂತ ಒತ್ತಿದ್ರ, ಆ ಫೋನಿನ ಮ್ಯಾಲೆ "ಇದು ನೀವೇ ಏನು?" ಅಂತ ಬಂತು. ಹೌದಪಾ ಅಂತ ಒತ್ತಿದ್ವಿ. ಗೂಗಲ್ಲಿಗೆ ದಿನಾ ಬಳಸೋ ಫೋನು, ದಿನಾ ಬಳಸೋ ಜಾಗಾ ಗುರ್ತಿರ್ತಾವ, ಅಲ್ಲಿಂದ ಕೇಳಿದ್ರ ಲಗೂ ನಂಬತದ. ಮೇಲ್ ತಗದ ಕೂಡಲೇ ಮೊದಲ ಹೊಸಾ ಮೊಬೈಲ್ ನಂಬರ್ ಹಾಕಿದ್ವಿ. ನೀವೂ ಇವತ್ತ ನೋಡ್ರಿ, ನಿಮ್ಮ ಮೇಲಿನಾಗ ಯಾವ ನಂಬರ್ ಅದ ಅಂತ. ಇನ್ನೊಂದು ಮಾತು, ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆ ತಗದು ಹಾಕೋ ನಿಯಮಾ ಗೂಗಲ್ಲಿನವರು 2023ರ ಡಿಸೆಂಬರ್‌ನಿಂದ ಜಾರಿಗೆ ತಂದಾರ. ಹಳೇ ಮೇಲ್ ಇದ್ರ ನಡುನಡುವ ತಗದು ನೋಡ್ತಾ ಇರ್ರಿ.

ಇನ್ನ ಸಾಫ್ಟ್‌ವೇರ್ ಲೈಸೆನ್ಸಿನ ಕಥಿ. ವಿಂಡೋಸ್ ಮತ್ತ ಕೊಳ್ಳಬೇಕೇನೋ ಅಂತ ಅಂಜಿದ್ವಿ. ಬೇಕಾಗ್ಲಿಲ್ಲಾ. ವಿಂಡೋಸ್ 8 ಬಂದಾಗಿಂದ, ಕಂಪನಿಯವರು ವಿಂಡೋಸ್ ಹಾಕೇ ಮಾರೋ ಕಂಪ್ಯೂಟರಿನ ಮದರ್‌ಬೋರ್ಡಿನಾಗನ ಅದರ ಕೀಲಿ ಬರದಿರ್ತದ. ಡಿಸ್ಕ್ ಬದಲಾದ್ರೂ ಬೋರ್ಡ್ ಅದ ಇರ್ತದಲ್ಲಾ, ಅದೇ ವಿಂಡೋಸ್ ಹಾಕಿದ್ರ ತಾನೇ ಗುರ್ತು ಹಿಡೀತದ. ಅದಕಿಂತ ಹಳೇ ಕಂಪ್ಯೂಟರಿಗೆ ಕೆಳಗ ಇಲ್ಲಾ ಬಾಜೂಕ ಒಂದು ಚೀಟಿ ಅಂಟಿಸಿರ್ತಾರ, ಅದರ ಮ್ಯಾಲೆ ಐದೈದು ಅಕ್ಷರದ ಐದು ಗುಂಪು, ಒಟ್ಟು 25 ಅಕ್ಷರ. ಆ ಚೀಟಿ ಸವದು ಹೋಗೂದ್ರಾಗ ಅದರ ಫೋಟೋ ಹೊಡಕೋರಿ.

ಆಫೀಸ್ 2019 ಇವರು ರೊಕ್ಕಾ ಕೊಟ್ಟು ತಂದಿದ್ದು. ಅದರ 25 ಅಕ್ಷರದ ಕಾರ್ಡು ಒಂದು ರಟ್ಟಿನ ಡಬ್ಬಿಯಾಗಿತ್ತು. ಆ ಡಬ್ಬಿ ಎಲ್ಲಿ ಹೋತು? ದೀಪಾವಳಿ ಕಸಾ ತಗಿಯೋವಾಗ ನಾನೇ ರದ್ದಿಯವಗ ಕೊಟ್ಟೇನಿ! ಇದು ನನ್ನ ತಪ್ಪು, ಒಪ್ಪಕೋತೇನಿ. ಆದ್ರ ಡಬ್ಬಿಯೊಳಗ ಏನದ ಅಂತ ನನಗ್ಯಾರೂ ಹೇಳಿರಲಿಲ್ಲಾ, ಅದೂ ಖರೇನ. ಪುಣ್ಯಾಕ್ಕ ಮೊದಲ ಸಲ ಹಾಕೋವಾಗ ಮೈಕ್ರೋಸಾಫ್ಟ್ ಖಾತೆ ಮಾಡಿಸಿಕೊಂಡಿತ್ತಂತ, ಲೈಸೆನ್ಸ್ ಆ ಖಾತೆಗೆ ಸೇರಿರ್ತದ. ಆ ಖಾತೆ ಯಾವ ಮೇಲಿನ ಮ್ಯಾಲೆ ಇತ್ತು ಹೇಳ್ರಿ? ಅದೇ ಹಳೇ ಮೇಲು. ಅದು ಸಿಕ್ಕಿದ್ದಕ್ಕ ಇದೂ ಸಿಕ್ತು. ಅಂಗಡಿಯವರು ಪುಕ್ಕಟ ಹಾಕಿ ಕೊಟ್ಟ ಕಳ್ಳ ಆಫೀಸ್ ಇದ್ರ ಮಾತ್ರ ಹೋತಂದ್ರ ಹೋತು, ಅದಕ್ಕ ಕೇಳ್ಲಿಕ್ಕೆ ಯಾರಿಲ್ಲಾ.

ಅತ್ತಿಯವರು ಹೇಳಿದ ಆರತಿ ಹಾಡು, ಹಸಿ ಹಾಡು ನಾನು ನುಡಿಯೊಳಗ ಬೆರಳಚ್ಚು ಮಾಡಿದ್ದೆ. ಪೆನ್ ಡ್ರೈವಿನಿಂದ ತಗದ್ರ ಬರೇ ಇಂಗ್ಲೀಷ್ ಅಕ್ಷರದ ಕಸಾ ಕಂಡಿತು, ಎದಿ ಧಸಕ್ ಅಂತು. ಹಳೇ ನುಡಿ ಫೈಲಿಗೆ ನುಡಿ ಅಕ್ಷರನೇ ಬೇಕು. ನುಡಿ ಪುಕ್ಕಟನೇ ಸಿಗ್ತದ, ಕನ್ನಡ ಗಣಕ ಪರಿಷತ್ತಿನವರು ಮಾಡಿದ್ದು. ಹಾಕಿಸಿದ ಮ್ಯಾಲೆ ಅತ್ತಿಯವರ ಹಾಡೆಲ್ಲಾ ಕಣ್ಣಿಗೆ ಬಿದ್ವು. ಅವತ್ತ ಸಂಜೀಕೆ ಒಂದು ಹಾಡು ಹೇಳಿಕೊಂಡೇ ದೀಪಾ ಹಚ್ಚಿದೆ.

ಹೊಸಾ ಲ್ಯಾಪ್‌ಟಾಪ್ ಇದ್ದವರು ಒಂದು ಲಕ್ಷ್ಯ ಇಡ್ರಿ. ಭಾಳಷ್ಟರಾಗ ಡಿಸ್ಕಿಗೇ ಬಿಟ್‌ಲಾಕರ್ ಅನ್ನೋ ಕೀಲಿ ಬಿದ್ದಿರ್ತದ, ನಮಗ ಗೊತ್ತಿಲ್ಲದಂಗ. ಏನರ ಹೆಚ್ಚುಕಮ್ಮಿ ಆದ್ರ 48 ಅಂಕಿ ಕೇಳ್ತದ. ಸಾಮಾನ್ಯ ಅದು ಮೈಕ್ರೋಸಾಫ್ಟ್ ಖಾತೆಯೊಳಗ ಇರ್ತದ. ಲ್ಯಾಪ್‌ಟಾಪ್ ಛೊಲೋ ಇರೋವಾಗನ ತಗದು ಬರಕೊಂಡು ಬಿಡ್ರಿ. ಅಂಗಡಿಯೊಳಗ ಟ್ಯಾಲಿ ಇಟ್ಟವರು ಅದರ ಸೀರಿಯಲ್ ನಂಬರ್, ಯಾವ ಮೇಲ್ ಕೊಟ್ಟೀರಿ ಅನ್ನೋದು, ಎರಡೂ ಬರಕೋರಿ.

ಈಗ ಮಗನ ಮಾತಿಗೆ ಬರ್ತೇನಿ. ಬರದಿಡಬಾರದು ಅನ್ನೋದು ಆಫೀಸಿನ ಮಾತು. ಅಲ್ಲೆ ಟೇಬಲ್ ಮ್ಯಾಲೆ ಚೀಟಿ ಅಂಟಿಸಿದ್ರ ಹತ್ತು ಮಂದಿ ನೋಡ್ತಾರ. ಮನಿ ಮಾತು ಬ್ಯಾರೆ. ಇಂಟರ್‌ನೆಟ್ಟಿನ ಕಳ್ಳ ಎಲ್ಲೋ ಕೂತಿರ್ತಾನ, ಅವನ ಕೈ ನನ್ನ ಕಪಾಟಿನ ತನಕಾ ಬರೂದಿಲ್ಲಾ. ಮನಿಗೆ ಬಂದ ಕಳ್ಳ ಬಂಗಾರ ನೋಡ್ತಾನ, ಲೈಟ್ ಬಿಲ್ಲಿನ ಪಾಸ್‌ವರ್ಡ್ ಒಯ್ದು ಏನ ಮಾಡ್ತಾನ? ಬರದಿಡಬಾರದು ಅಂತ ಅಂಜಿ ನಾವೆಲ್ಲಾ ಏನ ಮಾಡ್ತೇವಿ, ಎಲ್ಲಾದಕ್ಕೂ ಒಂದ ಪಾಸ್‌ವರ್ಡ್, ಅದೂ ಮೊಮ್ಮಗನ ಹೆಸರು. ಅದಕಿಂತ ಒಂದೊಂದಕ್ಕ ಒಂದೊಂದು ಇಟ್ಟು ಬರದಿಡೋದು ಎಷ್ಟೋ ಪಾಡು. ಮಗ ಪಾಸ್‌ವರ್ಡ್ ಮ್ಯಾನೇಜರ್ ಹಾಕಿ ಕೊಡ್ತೇನಿ ಅಂದಾನ. ಹಾಕ್ಲಿ, ಬ್ಯಾಡ ಅನ್ನೂದಿಲ್ಲಾ. ಆದ್ರ ಅದಕ್ಕೂ ಒಂದು ದೊಡ್ಡ ಪಾಸ್‌ವರ್ಡ್ ಇರ್ತದಲ್ಲಾ, ಅದನ್ನ ಎಲ್ಲಿ ಇಡೋದಪಾ ಅಂದ್ರ ಸುಮ್ಮನಾದ.

ಖರೇ ಹೇಳ್ಬೇಕಂದ್ರ ನನ್ನ ಚಿಂತಿ ಕಂಪ್ಯೂಟರಿಂದಲ್ಲಾ. ನಮ್ಮ ಬಳಗದಾಗ ಒಬ್ಬ ವೈನಿಯವರ ಯಜಮಾನರು ಒಮ್ಮಿಂದೊಮ್ಮೆ ಹೋದ್ರು. ಎಲ್ಲಾ ಅವರ ಫೋನಿನಾಗ, ಅವರ ತಲ್ಯಾಗ. ದುಃಖದಾಗ ಆ ಸಿಮ್ಮಿಗೆ ಯಾರೂ ರೀಚಾರ್ಜ್ ಮಾಡ್ಲಿಲ್ಲಾ. ಮೂರು ತಿಂಗಳ ಬಳಸದೇ ಬಿಟ್ರ ನಂಬರ್ ಬಂದ್ ಆಗಬಹುದು, ಆಮ್ಯಾಲೆ ಬ್ಯಾರೆಯವರಿಗೂ ಹೋಗಬಹುದು. ವೈನಿ ಒಂದು ವರ್ಷ ಚೀಟಿ ಚೀಟಿ ಹುಡುಕಿದ್ರು, ಯಾವ ಬ್ಯಾಂಕಿನಾಗ ಏನದ ಅಂತ. ತೀರಿಕೊಂಡವರ ಪಾಸ್‌ವರ್ಡಿನಿಂದ ರೊಕ್ಕಾ ತಗಿಯೋದು ಸರಿ ಅಲ್ಲಾ, ಅದಕ್ಕ ನಾಮಿನಿ ಅದ, ಮರಣ ಪತ್ರ ಕೊಟ್ಟು ಕೇಳೋ ಪದ್ಧತಿ ಅದ. ಆದ್ರ ಎಲ್ಲಿ ಕೇಳಬೇಕು ಅನ್ನೋದರ ಗೊತ್ತಿರಬೇಕಲ್ಲಾ? ಇಂಥಾದು ಮಾತಾಡೋದು ಅಪಶಕುನ ಅಂತ ನಮ್ಮನಿಯವರೂ ಮೊದಲ ಸಿಟ್ಟಾದ್ರು. ನಾನಂದೆ, "ನಾ ಮೊದಲ ಹೋದ್ರ ನಿಮಗ ಜೀರಗಿ ಡಬ್ಬಿ ಎಲ್ಲದ ಗೊತ್ತದೇನು? ಇಬ್ಬರೂ ಬರದಿಡೂಣು." ನಕ್ಕು ಒಪ್ಪಿದ್ರು.

ನಮ್ಮ ವಹಿ ಹಿಂಗದ. ಮೊದಲನೇ ಹಾಳಿಗೆ ಮೇಲು, ಅದಕ್ಕ ಕೊಟ್ಟ ಮೊಬೈಲ್ ನಂಬರು, ಗೂಗಲ್ ಕೊಡೋ ಹತ್ತು ಬ್ಯಾಕಪ್ ಕೋಡು. ಆಮ್ಯಾಲೆ ಒಂದೊಂದು ಹಾಳಿಗೆ ಒಂದೊಂದು ಖಾತೆ: ಹೆಸರು, ಯಾವ ಮೇಲು, ಪಾಸ್‌ವರ್ಡು, ಬದಲ ಮಾಡಿದ ತಾರೀಖು. ಪೆನ್ಸಿಲ್ಲಿಂದ ಬರೀರಿ, ಬದಲ ಮಾಡ್ಲಿಕ್ಕೆ ಬರ್ತದ. ಪಾಸ್‌ವರ್ಡಿನ ಕಡೀ ನಾಲ್ಕು ಅಕ್ಷರ ಬರಿಯೂದಿಲ್ಲಾ, ಅದು ನಮ್ಮಿಬ್ಬರಿಗೆ ಮತ್ತ ಮಕ್ಕಳಿಗಷ್ಟ ಗೊತ್ತು. ಕಡೀ ಹಾಳಿಗೆ ಲೈಸೆನ್ಸಿನ ಕಾರ್ಡು, ಬಿಲ್ಲು ಪಿನ್ನು ಹಚ್ಚೇವಿ. ಎಟಿಎಂ ಪಿನ್ನು, ಯುಪಿಐ ಪಿನ್ನು ಮಾತ್ರ ಬರದಿಲ್ಲಾ, ನೀವೂ ಬರೀಬ್ಯಾಡ್ರಿ. ಓಟಿಪಿ ಯಾರ ಕೇಳಿದ್ರೂ ಹೇಳಬ್ಯಾಡ್ರಿ. ಅಪ್ಪಿತಪ್ಪಿ ರೊಕ್ಕಾ ಹೋದ್ರ ತಡಾ ಮಾಡದೇ 1930ಕ್ಕ ಫೋನ್ ಮಾಡ್ರಿ.

ವಹಿ ಎಲ್ಲಿಟ್ಟೇನಿ ಅಂತ ಇಲ್ಲೆ ಬರಿಯೂದಿಲ್ಲಾ, ಅಷ್ಟು ಶಾಣ್ಯಾತನ ನನಗೂ ಅದ. ಮೊನ್ನೆ ಇವರು ಗ್ಯಾಸ್ ಬುಕ್ ಮಾಡ್ಲಿಕ್ಕೆ ಕೂತು, "ಏ, ವಹಿ ಸ್ವಲ್ಪ ಕೊಡ್ತೀ ಏನು?" ಅಂತ ಅಡಗಿ ಮನಿ ಬಾಗಲಕ್ಕ ಬಂದು ನಿಂತ್ರು. ಅತ್ತಿಯವರ ಕೀಲಿಕೈ ಗೊಂಚಲ ನೆನಪಾತು ನನಗ. ಕೈ ಒರಸಿಕೊಂಡು ತಗದು ಕೊಟ್ಟೆ.