ಹೊಳೆಯ ಸುದ್ದಿ ಸಿಗುವ ಅಂಗಡಿ

ಗೊತ್ತಿಲ್ಲದ ಊರಿನಲ್ಲಿ ಬಸ್ಸಿಳಿದವರು ದಾರಿ ಕೇಳುವುದು ಯಾರನ್ನು? ನಿಲ್ದಾಣದ ಪಕ್ಕದ ಬೀಡಾ ಅಂಗಡಿಯವನನ್ನು. ಇಲ್ಲವೆ ಸೈಕಲ್ ಶಾಪಿನ ಮುಂದೆ ಪಂಕ್ಚರ್ ಹಾಕುತ್ತ ಕುಳಿತವನನ್ನು. ಕೊನೆಯ ಬಸ್ಸು ಎಷ್ಟು ಗಂಟೆಗೆ, ಯಾವ ಹೋಟೆಲಿನ ಊಟ ಹೊಟ್ಟೆ ಕೆಡಿಸುವುದಿಲ್ಲ, ಮೊನ್ನೆಯ ಮಳೆಗೆ ಮೇಲಿನ ಸೇತುವೆ ಉಳಿದಿದೆಯೋ ಇಲ್ಲವೋ, ಹೀಗೆ ನಕ್ಷೆಯಲ್ಲಿ ಇಲ್ಲದ ಸಂಗತಿಗಳೆಲ್ಲ ಅವನ ಬಾಯಲ್ಲಿರುತ್ತವೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಹೊಳೆಯ ವಿಷಯ ಕೇಳುವುದಕ್ಕೂ ಇಂಥದೇ ಒಂದು ಜಾಗವಿದೆ. ಅದಕ್ಕೆ ಫ್ಲೈ ಶಾಪ್ ಎಂದು ಹೆಸರು. ಅಕ್ಷರಶಃ ಹೇಳಿದರೆ, ನೊಣದ ಅಂಗಡಿ!

ಅಲ್ಲಿ ಮಾರುವುದು ಜೀವಂತ ನೊಣವನ್ನಲ್ಲ. ಪುಟ್ಟ ಗಾಳದ ಕೊಕ್ಕೆಗೆ ಹಕ್ಕಿಯ ಗರಿ, ಜಿಂಕೆಯ ರೋಮ, ಬಣ್ಣದ ದಾರ ಸುತ್ತಿ ಮಾಡಿದ ನಕಲಿ ಕೀಟವನ್ನು. ಇದನ್ನು ಕಟ್ಟಿ ಮೀನು ಹಿಡಿಯುವುದೇ ಫ್ಲೈ ಫಿಶಿಂಗ್. ನಮ್ಮ ಕೆರೆದಂಡೆಯ ಹುಡುಗರು ಗಾಳ ಎಸೆಯುವಾಗ ತುದಿಯಲ್ಲಿರುವ ಸೀಸದ ತೂಕ ದಾರವನ್ನು ಎಳೆದೊಯ್ಯುತ್ತದೆ. ಗರಿಯ ನೊಣಕ್ಕೆ ಹೇಳಿಕೊಳ್ಳುವಂಥ ತೂಕವೇ ಇಲ್ಲ. ಒಂದು ಕೋಳಿಗರಿಯನ್ನು ಇಪ್ಪತ್ತು ಅಡಿ ದೂರ ಎಸೆಯಲು ಪ್ರಯತ್ನಿಸಿ ನೋಡಿದರೆ ಕಷ್ಟ ಏನೆಂದು ತಿಳಿಯುತ್ತದೆ. ಆದ್ದರಿಂದ ಇಲ್ಲಿ ತೂಕವನ್ನು ದಾರಕ್ಕೇ ಕೊಟ್ಟಿದ್ದಾರೆ. ಬಾಗುವ ಉದ್ದನೆಯ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ದಪ್ಪ ದಾರ ಚಾಟಿಯಂತೆ ಸುರುಳಿ ಬಿಚ್ಚುತ್ತ ಸಾಗಿ, ತುದಿಯ ನೊಣವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ. ಸಂವೇಗದ ಪಾಠಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಸಿಗುವುದು ಕಷ್ಟ.

ಹಿಡಿಯಬೇಕಾದ ಮೀನು ಟ್ರೌಟ್. ತಣ್ಣೀರಿನ ಜೀವಿ. ಹೊಳೆಯ ಕೀಟಗಳೇ ಅದರ ಮುಖ್ಯ ಆಹಾರ. ಎಲ್ಲ ಕೀಟವೂ ಎಲ್ಲ ದಿನವೂ ಸಿಗುವುದಿಲ್ಲ ಎಂಬಲ್ಲಿಂದ ವಿಷಯ ಸ್ವಾರಸ್ಯವಾಗುತ್ತದೆ. ಮೇಫ್ಲೈ ಎಂಬ ಕೀಟವನ್ನೇ ತೆಗೆದುಕೊಳ್ಳಿ. ಅದರ ಮರಿಹುಳು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ನೀರಿನಡಿಯ ಕಲ್ಲಿಗೆ ಅಂಟಿಕೊಂಡು ಬೆಳೆಯುತ್ತದೆ. ಒಂದು ದಿನ ಸಾವಿರಾರು ಹುಳುಗಳು ಒಟ್ಟಿಗೇ ಮೇಲೆದ್ದು, ಪೊರೆ ಕಳಚಿ, ರೆಕ್ಕೆ ಬಿಚ್ಚುತ್ತವೆ. ಪ್ರೌಢ ಕೀಟಕ್ಕೆ ಉಪಯೋಗಕ್ಕೆ ಬರುವ ಬಾಯಿಯೂ ಇಲ್ಲ. ಕೂಡಿ, ಮೊಟ್ಟೆಯಿಟ್ಟು, ಒಂದೆರಡು ದಿನಗಳಲ್ಲೇ ಸಾಯುತ್ತದೆ. ಇನ್ನೊಂದು, ಸಾಮನ್‌ಫ್ಲೈ. ಬೆರಳುದ್ದದ ಈ ಕೀಟ ಮೂರು ನಾಲ್ಕು ವರ್ಷ ನೀರೊಳಗಿದ್ದು ಬೇಸಿಗೆಯ ಆರಂಭದಲ್ಲಿ ಹೊರಬರುತ್ತದೆ. ಅದೂ ಇಡೀ ಹೊಳೆಯಲ್ಲಿ ಒಂದೇ ದಿನವಲ್ಲ. ನೀರು ಬೆಚ್ಚಗಾದ ಕೆಳಪಾತ್ರದಲ್ಲಿ ಮೊದಲು ಎದ್ದು, ಬೆಚ್ಚಗಾಗುತ್ತ ಹೋದಂತೆ ದಿನಕ್ಕೆ ಕೆಲವು ಕಿಲೋಮೀಟರಿನಂತೆ ಮೇಲಕ್ಕೆ ಸರಿಯುತ್ತದೆ. ಜಾತ್ರೆಯ ತೇರು ಬೀದಿಯಿಂದ ಬೀದಿಗೆ ಹೋದ ಹಾಗೆ ಎನ್ನಿ.

ಮೇಫ್ಲೈ ಎದ್ದ ದಿನ ಟ್ರೌಟ್ ಅದರ ಧ್ಯಾನದಲ್ಲೇ ಇರುತ್ತದೆ. ಆಕಾರದಲ್ಲಿ, ಗಾತ್ರದಲ್ಲಿ, ಬಣ್ಣದಲ್ಲಿ ಅದನ್ನು ಹೋಲದ ನೊಣ ಮೂಗಿನ ಮುಂದೆ ತೇಲಿದರೂ ಎಷ್ಟೋ ಸಲ ತಿರುಗಿ ನೋಡುವುದಿಲ್ಲ. ಎರಡು ದಿನದ ರಜೆಯಲ್ಲಿ ಸಾವಿರಾರು ಮೈಲಿಯಿಂದ ಬಂದ ಪರಸ್ಥಳದವನಿಗೆ ಬೇಕಾದ ಪ್ರಶ್ನೆ ಒಂದೇ: ಇವತ್ತು, ಈ ಹೊಳೆಯಲ್ಲಿ, ಯಾವ ಹುಳು? ಹತ್ತು ವರ್ಷದ ಹಿಂದೆ ಅಚ್ಚಾದ ಪುಸ್ತಕ ಇದಕ್ಕೆ ಉತ್ತರ ಕೊಡಲಾರದು.

ಉತ್ತರ ಸಿಗುವುದು ಅಂಗಡಿಯ ಹಲಗೆಯ ಮೇಲೆ. ಒಳ್ಳೆಯ ಅಂಗಡಿಗಳಲ್ಲಿ ಒಂದು ಬೋರ್ಡು ಇರುತ್ತದೆ. ಹೊಳೆಯ ಹೆಸರು, ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತಿದೆ, ನೀರು ತಿಳಿಯೋ ಕದಡಿದೆಯೋ, ಯಾವ ಕೀಟ ಎದ್ದಿದೆ, ಯಾವ ಸಂಖ್ಯೆಯ ಕೊಕ್ಕೆ. (ಕೊಕ್ಕೆಯ ಸಂಖ್ಯೆ ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದು. ತಂತಿಯ ಗೇಜಿನಂತೆ ಇದೂ ಹೊಸಬರನ್ನು ಗೊಂದಲಕ್ಕೆ ಕೆಡವುವ ಲೆಕ್ಕ.) ಹರಿವಿನ ಅಂಕಿ ಸರಕಾರದ ಮಾಪನ ಕೇಂದ್ರದ್ದು, ಈಗ ಅದು ಯಾರ ಮೊಬೈಲಿನಲ್ಲಾದರೂ ಸಿಗುತ್ತದೆ. ಒಂದು ಘನ ಅಡಿ ಎಂದರೆ ಸುಮಾರು 28 ಲೀಟರ್. ಆದರೆ ಅಷ್ಟು ನೀರಿನಲ್ಲಿ ಯಾವ ಬಂಡೆಯ ಪಕ್ಕ ಮನುಷ್ಯ ಕಾಲೂರಿ ನಿಲ್ಲಬಹುದು, ಎಲ್ಲಿ ಸೆಳೆತ ಕಾಲು ಕೀಳುತ್ತದೆ ಎಂಬುದನ್ನು ಅಂಕಿ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ನಿನ್ನೆ ಸಂಜೆ ಒದ್ದೆ ಬೂಟಿನಲ್ಲಿ ಅಂಗಡಿಗೆ ಮರಳಿದ ಮಾರ್ಗದರ್ಶಕರು. ಬೋರ್ಡು ಬರೆಯುವುದು ಅವರ ಮಾತಿನಿಂದ.

ಇಂಥ ಅಂಗಡಿಗಳ ಚರಿತ್ರೆಯಲ್ಲಿ ಹೆಸರಾದವನು ಡ್ಯಾನ್ ಬೇಲಿ. ಈತ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಮೇಷ್ಟರು! ಮೀನಿನ ಹುಚ್ಚು ಹತ್ತಿಸಿಕೊಂಡು ಪಾಠ ಬಿಟ್ಟು, 1938ರಲ್ಲಿ ಮೊಂಟಾನಾದ ಲಿವಿಂಗ್‌ಸ್ಟನ್ ಊರಿನಲ್ಲಿ, ಯೆಲ್ಲೋಸ್ಟೋನ್ ನದಿಯ ದಂಡೆಯ ಆ ರೈಲ್ವೆ ಊರಿನಲ್ಲಿ, ಅಂಗಡಿ ತೆರೆದ. ವೆಸ್ಟ್ ಯೆಲ್ಲೋಸ್ಟೋನ್ ಎಂಬ ಇನ್ನೊಂದು ಊರಿನಲ್ಲಿ 1950ರ ದಶಕದ ಆರಂಭದಲ್ಲಿ ಟ್ರೌಟ್ ಶಾಪ್ ಕೊಂಡ ಬಡ್ ಲಿಲಿಯೂ ಶಾಲಾ ಶಿಕ್ಷಕನೇ. ರಜೆಯಲ್ಲಿ ಅಂಗಡಿ, ಉಳಿದ ತಿಂಗಳು ಪಾಠ. ಹಿಡಿದ ಮೀನನ್ನು ಜೀವಸಹಿತ ನೀರಿಗೆ ಬಿಟ್ಟುಬಿಡಿ ಎಂದು ಗಿರಾಕಿಗಳಿಗೆ ಪಾಠ ಹೇಳಿದವರಲ್ಲಿ ಈತ ಮೊದಲಿಗರ ಸಾಲಿನವನು. ಮೇಷ್ಟರ ಅಭ್ಯಾಸ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರೂ ಹೋಗುವುದಿಲ್ಲ.

ಬೇಲಿಯ ಅಂಗಡಿಯ ಗೋಡೆ ಪ್ರಸಿದ್ಧವಾಯಿತು. ನಾಲ್ಕು ಪೌಂಡ್, ಅಂದರೆ ಸುಮಾರು 1.8 ಕಿಲೋ ಮೀರಿದ ಟ್ರೌಟನ್ನು ಫ್ಲೈಯಿಂದ ಹಿಡಿದು ತಂದವರ ಮೀನಿನ ಆಕಾರವನ್ನು ಹಲಗೆಯ ಮೇಲೆ ಗೆರೆಯೆಳೆದು ಬರೆದು, ಹಿಡಿದವರ ಹೆಸರು, ತೂಕ, ದಿನಾಂಕ, ನದಿ, ಉಪಯೋಗಿಸಿದ ನೊಣ ಎಲ್ಲವನ್ನೂ ನಮೂದಿಸಿ ಗೋಡೆಗೆ ತೂಗುಹಾಕುತ್ತಿದ್ದರು. ಹೊಸಬನಿಗೆ ಅದೇ ಪಠ್ಯಪುಸ್ತಕ. ಆದರೆ ಸಂಖ್ಯಾಶಾಸ್ತ್ರ ಓದಿದ ವಿದ್ಯಾರ್ಥಿ ಒಂದು ಆಕ್ಷೇಪ ಎತ್ತಬಹುದು. ಗೋಡೆಯ ಮೇಲೆ ದೊಡ್ಡ ಮೀನುಗಳಷ್ಟೇ ಇವೆ. ಬರಿಗೈಯಲ್ಲಿ ಮರಳಿದ ದಿನಗಳ ಲೆಕ್ಕ ಎಲ್ಲಿ? ಅದಿಲ್ಲದೆ ನದಿಯಲ್ಲಿ ಮೀನು ಹೆಚ್ಚುತ್ತಿದೆಯೋ ತೀರುತ್ತಿದೆಯೋ ಹೇಳಲಾಗದು.

ಆ ಲೆಕ್ಕವನ್ನೂ ಇಟ್ಟ ಒಂದು ಉದಾಹರಣೆ ನಮ್ಮ ಕಾವೇರಿ ತೀರದ್ದು. ಗಾಲಿಬೋರೆಯ ಮೀನುಗಾರಿಕೆ ಶಿಬಿರದಲ್ಲಿ ಫ್ಲೈ ಶಾಪ್ ಏನೂ ಇರಲಿಲ್ಲ. ರಾಗಿ ಹಿಟ್ಟಿನ ಉಂಡೆಯೇ ಅಲ್ಲಿ ಹೆಸರಾದ ಎರೆ. ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮಹಶೀರ್ ಬರುತ್ತದೆಂದು ಬಲ್ಲವರು ದಂಡೆಯ ಹಳ್ಳಿಯ ಮಾರ್ಗದರ್ಶಕರು. 1998ರಿಂದ, ಅಭಯಾರಣ್ಯದೊಳಗೆ ಗಾಳ ನಿಂತ 2012ರವರೆಗೆ ಅಲ್ಲಿ ಎಷ್ಟು ಹೊತ್ತು ಗಾಳ ಹಾಕಿದರು, ಏನು ಸಿಕ್ಕಿತು ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ವಿಜ್ಞಾನಿಗಳು ಆ ದಾಖಲೆಯನ್ನು ಪರಿಶೀಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿತ್ತು; ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕಾಣೆಯಾಗುತ್ತ ಬಂದಿತ್ತು. ಜಗತ್ಪ್ರಸಿದ್ಧವಾಗಿದ್ದ ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದೇ 2018ರಲ್ಲಿ. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ದಾಖಲೆ ಬರೆದವರು ಸಂಶೋಧನೆಗೆಂದು ಬರೆದದ್ದಲ್ಲ ಎಂಬುದು ಗಮನಿಸಬೇಕಾದ ಮಾತು.

ಮತ್ತೆ ಲಿವಿಂಗ್‌ಸ್ಟನ್ನಿಗೆ ಬರೋಣ. ಇಂಥ ಊರುಗಳಲ್ಲಿ ಫ್ಲೈ ಶಾಪ್ ಒಂದೇ ಇರುವುದಿಲ್ಲ. ಪರಸ್ಥಳದವನು ಒಳ್ಳೆಯದನ್ನು ಗುರುತಿಸುವುದು ಹೇಗೆ? ಬೆಳಗ್ಗೆ ಬೇಗ ಎದ್ದು ಬೀದಿಯಲ್ಲಿ ಒಂದು ಸುತ್ತು ಹಾಕಿದರಾಯಿತು. ಹಿಂದೆ ದೋಣಿ ಕಟ್ಟಿಕೊಂಡ ಕೆಸರುಮೆತ್ತಿದ ವಾಹನಗಳು ಯಾವ ಅಂಗಡಿಯ ಮುಂದೆ ನಿಂತಿವೆಯೋ ಅಲ್ಲಿಗೆ ಹೋಗಬೇಕು. ಲಾರಿ ಡ್ರೈವರುಗಳು ಊಟಕ್ಕೆ ನಿಲ್ಲಿಸುವ ಹೋಟೆಲನ್ನು ನಂಬುವ ಹಾಗೆ. ಒಳಗೆ ಹೋದ ಮೇಲೆ, ಮಾರುವವನು ಮೊದಲು ಏನು ಹೇಳುತ್ತಾನೆ ಎಂಬುದಕ್ಕಿಂತ ಏನು ಕೇಳುತ್ತಾನೆ ಎಂಬುದರ ಮೇಲೆ ಕಣ್ಣಿಡಬೇಕು. ಹಿಂದೆ ಹರಿಯುವ ನೀರಿನಲ್ಲಿ ನಿಂತ ಅಭ್ಯಾಸ ಉಂಟೆ? ಕೈಯಲ್ಲಿ ಎಷ್ಟು ಗಂಟೆ ಸಮಯವಿದೆ? ಜತೆಯಲ್ಲಿ ಮಕ್ಕಳಿದ್ದಾರೆಯೆ? ಈಜು ಬರುತ್ತದೆಯೆ? ಇಷ್ಟು ಕೇಳಿದ ಮೇಲೆ ನಕ್ಷೆಯ ಮೇಲೆ ಬೆರಳಿಡುವವನು ನಂಬಿಕೆಗೆ ಅರ್ಹ. ಹೊಸ್ತಿಲು ದಾಟುತ್ತಲೇ ಎಂಟುನೂರು ಡಾಲರಿನ ಕೋಲನ್ನು ಕೈಗೆ ಕೊಡುವವನ ನಗು ಎಷ್ಟೇ ಅಗಲವಾಗಿದ್ದರೂ ಜೇಬು ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ಸ್ನೇಹ ಬೇರೆ, ತಿಳಿವಳಿಕೆ ಬೇರೆ. ಎರಡೂ ಒಂದೇ ಕಡೆ ಸಿಗುವುದು ಮೇಷ್ಟರಲ್ಲೂ ಅಪರೂಪ, ಅಂಗಡಿಯವರಲ್ಲೂ ಅಪರೂಪ.

ಮೊಂಟಾನಾದಲ್ಲಿ ಮೀನುಗಾರಿಕೆಯ ಪರವಾನಗಿ ಚೀಟಿಯೂ ಇಂಥ ಅಂಗಡಿಗಳಲ್ಲೇ ಸಿಗುತ್ತದೆ. 1985ರ ಕಾನೂನಿನ ಪ್ರಕಾರ ಸಾರ್ವಜನಿಕರು ಮಾಮೂಲು ನೆರೆಗುರುತಿನ ಒಳಗೆ ಹೊಳೆಯಲ್ಲಿ ಓಡಾಡಬಹುದು. ಆದರೆ ಖಾಸಗಿ ಹೊಲ ದಾಟಿ ಹೊಳೆಗೆ ಇಳಿಯುವ ಹಕ್ಕಿಲ್ಲ. ಇಳಿಯುವ ಸೇತುವೆ ಯಾವುದು, ಬೇಲಿ ಯಾರದ್ದು ಎಂದು ತಿಳಿಯುವುದೂ ಅಲ್ಲೇ.

ಗಿರಾಕಿಗೂ ಒಂದು ಮರ್ಯಾದೆಯಿದೆ. ಈ ಮಾಹಿತಿಗೆಲ್ಲ ಅಂಗಡಿಯವನು ಬೆಲೆ ಹಾಕುವುದಿಲ್ಲ. ಅರ್ಧ ಗಂಟೆ ವಿಚಾರಿಸಿ, ಕೆಲವೇ ಡಾಲರಿನ ನಾಲ್ಕು ನೊಣವನ್ನೂ ಕೊಳ್ಳದೆ ಹೊರಬರುವುದು, ಪತ್ರಿಕೆ ಅಂಗಡಿಯಲ್ಲಿ ನಿಂತೇ ಇಡೀ ವಾರಪತ್ರಿಕೆ ಓದಿ ಮಡಿಚಿಟ್ಟು ಬಂದಂತೆ. ಹೀಗೆ ಓದುವವರು ನಮ್ಮಲ್ಲಿ ಇದ್ದಾರೆ, ಆ ಮಾತು ಬೇರೆ.

ಇನ್ನೊಂದು ಪ್ರಶ್ನೆ ಹೊಸಬರಿಗೆ ವಿಚಿತ್ರವೆನಿಸಬಹುದು: ಈ ಬೂಟನ್ನು ಕೊನೆಯ ಸಲ ಯಾವ ಹೊಳೆಯಲ್ಲಿ ಹಾಕಿದ್ದಿರಿ? ಜಾರದಿರಲೆಂದು ಬೂಟಿನ ತಳಕ್ಕೆ ಉಣ್ಣೆಗಂಬಳಿಯಂಥ ಫೆಲ್ಟ್ ಹಚ್ಚುತ್ತಿದ್ದರು. ಒದ್ದೆ ಫೆಲ್ಟಿನ ಸಂದಿಯಲ್ಲಿ ಪಾಚಿಯ ಕಣ, ರೋಗಾಣು ಬದುಕಿ ಉಳಿದು ಇನ್ನೊಂದು ಹೊಳೆಗೆ ದಾಟುತ್ತವೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಹೊಳೆಗಳಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡು ಕಲ್ಲುಗಳನ್ನೆಲ್ಲ ಹೊದೆಯತೊಡಗಿದಾಗ, 2008ರಲ್ಲಿ ಆ ದೇಶ ಮೀನುಗಾರರ ಫೆಲ್ಟ್ ತಳಕ್ಕೆ ನಿಷೇಧ ಹಾಕಿತು. ಮೊಂಟಾನಾದ ಮ್ಯಾಡಿಸನ್ ನದಿಯಲ್ಲಿ 1994ರಲ್ಲಿ ಪತ್ತೆಯಾದ ಸುತ್ತುರೋಗ, ಮರಿಗಳು ಬಾಲ ಅಟ್ಟಿಸಿಕೊಂಡು ಹೋದಂತೆ ಗಿರಗಿರನೆ ತಿರುಗುವ ರೋಗ, ಅಲ್ಲಿನ ಮಳೆಬಿಲ್ಲು ಟ್ರೌಟಿನ ಸಂಖ್ಯೆಯನ್ನು ಪಾತಾಳಕ್ಕೆ ಇಳಿಸಿತು. ಬೂಟಿನ ಪ್ರಶ್ನೆ ಕೇಳುವ ಅಂಗಡಿಯವನನ್ನು ಅಧಿಕಪ್ರಸಂಗಿ ಎನ್ನುವಂತಿಲ್ಲ.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಬೇಸಿಗೆಯದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದ ಒತ್ತಡದಲ್ಲಿ 10 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 20 ಡಿಗ್ರಿಯಲ್ಲಿ ಸುಮಾರು 9.1 ಮಾತ್ರ. ಅದೇ ಹೊತ್ತಿಗೆ ಮೀನಿನ ದೇಹಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರಿದ ಸಂಸಾರ! ಇಂಥ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕು ಸೆಣಸಿದ ಟ್ರೌಟನ್ನು ಎಷ್ಟು ನಾಜೂಕಾಗಿ ನೀರಿಗೆ ಬಿಟ್ಟರೂ ಅದು ಸಾಯಬಹುದು. ಆದ್ದರಿಂದ ಮೊಂಟಾನಾದಲ್ಲಿ ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 23 ಸೆಲ್ಸಿಯಸ್ ಮುಟ್ಟಿದರೆ ಮಧ್ಯಾಹ್ನ ಎರಡರಿಂದ ನಡುರಾತ್ರಿಯವರೆಗೆ ಗಾಳ ನಿಲ್ಲಿಸುವ ಪದ್ಧತಿ ಬೆಳೆಯಿತು. ಇದಕ್ಕೆ ಗೂಬೆ ನಿಯಮ ಎಂದು ಅಡ್ಡಹೆಸರು. ಗೂಬೆ ಕೂಗುವ ನಸುಕಿನಲ್ಲೇ ಕೆಲಸ ಮುಗಿಸುತ್ತಿದ್ದ ಮರ ಕಡಿಯುವವರಿಂದ ಬಂದ ಮಾತಂತೆ.

2016ರಲ್ಲಿ ಗೂಬೆ ನಿಯಮವೂ ಸಾಲದಾಯಿತು. ಆ ಆಗಸ್ಟಿನಲ್ಲಿ ಯೆಲ್ಲೋಸ್ಟೋನ್ ನದಿಯ ನೀರು ಇಳಿದಿತ್ತು, ಬಿಸಿಯಾಗಿತ್ತು. ಮೀನಿನ ಮೂತ್ರಪಿಂಡಕ್ಕೆ ತಗಲುವ ಪರೋಪಜೀವಿಯೊಂದು ಪ್ರಬಲವಾಗಿ, ವೈಟ್‌ಫಿಶ್ ಎಂಬ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದವು. ಆಗಸ್ಟ್ 19ರಂದು ರಾಜ್ಯ ಸರಕಾರ 183 ಮೈಲಿ, ಅಂದರೆ ಸುಮಾರು 295 ಕಿಲೋಮೀಟರ್ ನದಿಯನ್ನು ಪೂರ್ತಿ ಮುಚ್ಚಿತು. ಗಾಳವಿಲ್ಲ, ದೋಣಿಯಿಲ್ಲ, ಈಜಿಲ್ಲ. ಲಿವಿಂಗ್‌ಸ್ಟನ್ನಿನ ಅಂಗಡಿಗಳಿಗೆ ಅದು ವರ್ಷದ ಅನ್ನ ಸಂಪಾದಿಸುವ ತಿಂಗಳು. ಸೆಪ್ಟೆಂಬರಿನಲ್ಲಿ ಹಂತಹಂತವಾಗಿ ನದಿಯನ್ನು ತೆರೆದರು.

ಆ ನದಿಗೆ ಇದಕ್ಕಿಂತ ದೊಡ್ಡ ಕಂಟಕವೊಂದು ಹಿಂದೆಯೂ ಕಾದಿತ್ತು. ಲಿವಿಂಗ್‌ಸ್ಟನ್ನಿನ ಮೇಲ್ಗಡೆ ಆಲನ್‌ಸ್ಪರ್ ಎಂಬಲ್ಲಿ ಅಣೆಕಟ್ಟು ಕಟ್ಟುವ ಯೋಜನೆ 1970ರ ದಶಕದಲ್ಲಿ ತಲೆಯೆತ್ತಿದಾಗ ವಿರೋಧಿಸಿ ನಿಂತವರಲ್ಲಿ ಡ್ಯಾನ್ ಬೇಲಿಯೂ ಒಬ್ಬ. ಅಣೆಕಟ್ಟು ಬರಲಿಲ್ಲ. ಬೇಲಿ 1982ರಲ್ಲಿ ತೀರಿಕೊಂಡ.

ಬಿಸಿಲು ಹೆಚ್ಚಿದ ಮಧ್ಯಾಹ್ನ ಅಂಗಡಿಗೆ ಬಂದವನಿಗೆ ಒಳ್ಳೆಯ ಅಂಗಡಿಯವನು ನೊಣ ಮಾರುವುದಿಲ್ಲ. ಇವತ್ತು ಬೇಡ, ನಾಳೆ ಬೆಳಗ್ಗೆ ಆರಕ್ಕೆ ಹೋಗಿ ಹತ್ತಕ್ಕೆ ಮುಗಿಸಿ ಎನ್ನುತ್ತಾನೆ. ಅಲ್ಲಿಯವರೆಗೆ ಮಕ್ಕಳನ್ನು ಕರೆದುಕೊಂಡು ಸಣ್ಣ ಹಳ್ಳವೊಂದಕ್ಕೆ ಹೋಗಿ ಕಲ್ಲು ಮಗುಚಿ ನೋಡಿ ಎಂದೂ ಹೇಳಬಹುದು. ಬಾಲದಲ್ಲಿ ಮೂರು ಎಳೆಯಿದ್ದರೆ ಮೇಫ್ಲೈಯ ಮರಿ. ಎರಡೇ ಇದ್ದರೆ ಬಹುಮಟ್ಟಿಗೆ ಸಾಮನ್‌ಫ್ಲೈಯ ಬಳಗದ್ದು. ನಮ್ಮ ಮಲೆನಾಡಿನ ತಣ್ಣನೆಯ ಹಳ್ಳಗಳಲ್ಲೂ ಈ ಎರಡು ಗುಂಪಿನ ಹುಳುಗಳಿವೆ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದ ಹಾಗೇ ಮಗುಚಿಡಬೇಕು.

ಸಂಜೆ ಅಂಗಡಿ ಮುಚ್ಚುವ ಮುನ್ನ ಆ ಪರಸ್ಥಳದವನು ಮತ್ತೆ ಬಂದು, ಕಂಡದ್ದನ್ನು ಹೇಳುತ್ತಾನೆ. ಮೇಲಿನ ಸೇತುವೆಯ ಬಳಿ ಹುಳು ಎದ್ದಿದೆ, ಆದರೆ ಬೋರ್ಡಿನಲ್ಲಿ ಬರೆದದ್ದಕ್ಕಿಂತ ಚಿಕ್ಕದು. ಅಂಗಡಿಯವನು ಎರಡು ಪ್ರಶ್ನೆ ಕೇಳಿ, ಬಟ್ಟೆಯಿಂದ 16 ಒರೆಸಿ 18 ಎಂದು ಬರೆಯುತ್ತಾನೆ.