ಪಾಠವೊಂದನ್ನು ಬಿಟ್ಟು

ಉದ್ಯೋಗವನ್ನು ದ್ವೇಷಿಸುವವರೆಲ್ಲ ಮೈಗಳ್ಳರು ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಗಳಲ್ಲಿ ಸೇವೆ ಸಲ್ಲಿಸಿದ ನನ್ನ ಅನುಭವ ಇದಕ್ಕೆ ತದ್ವಿರುದ್ಧವಾದುದು. ಮೈಗಳ್ಳನಿಗೆ ತನ್ನ ಉದ್ಯೋಗದ ಮೇಲೆ ದ್ವೇಷವಿರುವುದೇ ಇಲ್ಲ. ಯಾವ ಮರದ ನೆರಳು ಎಷ್ಟು ಹೊತ್ತಿಗೆ ಎತ್ತ ಸರಿಯುತ್ತದೆ ಎಂಬುದು ಅವನಿಗೆ ಗೊತ್ತು; ಅಲ್ಲಿ ಅವನು ಸುಖವಾಗಿರುತ್ತಾನೆ. ಕೆಲಸದ ಮೇಲೆ ಜಿಗುಪ್ಸೆ ಹುಟ್ಟುವುದು ಒಂದಾನೊಂದು ಕಾಲದಲ್ಲಿ ಅದನ್ನು ಪ್ರೀತಿಸಿದವರಿಗೆ. ನಾನು ಕಂಡ ಶಿಕ್ಷಕರಲ್ಲಿ ನಿವೃತ್ತಿಯ ದಿನವನ್ನು ಎಣಿಸುತ್ತಿದ್ದವರ ಪಟ್ಟಿ ಮಾಡಿದರೆ ಅದರಲ್ಲಿ ಅತ್ಯುತ್ತಮರಾದ ಏಳೆಂಟು ಮಂದಿಯ ಹೆಸರುಗಳು ಇದ್ದೇ ಇರುತ್ತವೆ. ಈ ವಿಷಯ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಕಷ್ಟದಿಂದ ಜಿಗುಪ್ಸೆ ಬರುತ್ತದೆಂದೂ ನಾನು ಒಪ್ಪುವುದಿಲ್ಲ. ನನ್ನ ಮೊದಲ ನೇಮಕ ಬಯಲುಸೀಮೆಯ ಒಂದು ಏಕೋಪಾಧ್ಯಾಯ ಶಾಲೆಗೆ. ಬಸ್ಸು ಇಳಿದು ಮೂರು ಮೈಲಿ ನಡೆಯಬೇಕಿತ್ತು. ನಾಲ್ಕು ತರಗತಿಗಳು, ಒಂದೇ ಕೋಣೆ, ಗೋಡೆಗೆ ಬಳಿದ ಕಪ್ಪು ಬಣ್ಣವೇ ಕರಿಹಲಗೆ. ಮಳೆ ಬಂದರೆ ಮಕ್ಕಳನ್ನೆಲ್ಲ ಒಂದು ಮೂಲೆಗೆ ಸೇರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದೆ. ಆ ನಾಲ್ಕು ವರ್ಷಗಳಲ್ಲಿ ಒಂದು ದಿನವೂ ಬೆಳಗ್ಗೆ ಎದ್ದಾಗ ಶಾಲೆಗೆ ಹೋಗಬೇಕಲ್ಲ ಎಂದು ನನಗೆ ಅನ್ನಿಸಿದ್ದಿಲ್ಲ. ಹಾಗೆ ಅನ್ನಿಸತೊಡಗಿದ್ದು ಬಹಳ ಮುಂದೆ, ಊರಿಗೆ ಡಾಂಬರು ರಸ್ತೆ ಬಂದು, ಶಾಲೆಗೆ ಐದು ಕೋಣೆಗಳಾಗಿ, ಸಂಬಳ ನೆಟ್ಟಗೆ ಕೈಗೆ ಬರತೊಡಗಿದ ಮೇಲೆ! ಕಾಲಿಗೆ ಚುಚ್ಚಿದ ಮುಳ್ಳನ್ನು ಕಿತ್ತು ಎಸೆದು ಮುಂದೆ ನಡೆಯಬಹುದು. ಚಪ್ಪಲಿಯೊಳಗೆ ಸೇರಿದ ಮರಳು ಹಾಗಲ್ಲ. ಅದಕ್ಕಾಗಿ ಯಾರೂ ವೈದ್ಯರ ಬಳಿಗೆ ಹೋಗುವುದಿಲ್ಲ, ಆದರೆ ದಾರಿಯುದ್ದಕ್ಕೂ ಅದು ಸುಮ್ಮನಿರಗೊಡುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ತನ್ನ ಸಂಗಡಿಗರೊಡನೆ ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು ಇನ್ನೂರು ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಸಂದರ್ಶಿಸಿ 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಕೆಲಸದಲ್ಲಿ ಸಂತೋಷ ಕೊಡುವ ಕಾರಣಗಳೇ ಬೇರೆ, ಅಸಮಾಧಾನ ಹುಟ್ಟಿಸುವ ಕಾರಣಗಳೇ ಬೇರೆ ಎಂಬುದು ಅವನು ಕಂಡುಕೊಂಡ ಮಾತು. ಸಂತೋಷ ಬರುವುದು ಕೆಲಸದೊಳಗಿನಿಂದ: ಏನನ್ನೋ ಸಾಧಿಸಿದೆ ಎಂಬ ಭಾವದಿಂದ. ಅಸಮಾಧಾನ ಬರುವುದು ಕೆಲಸದ ಸುತ್ತಲಿನಿಂದ: ಸಂಸ್ಥೆಯ ನಿಯಮಗಳಿಂದ, ಆಡಳಿತದ ರೀತಿಯಿಂದ, ಮೇಲ್ವಿಚಾರಣೆಯ ಧೋರಣೆಯಿಂದ. ಅವನ ಸಿದ್ಧಾಂತವನ್ನು ಅಲ್ಲಗಳೆದ ವಿದ್ವಾಂಸರೂ ಇದ್ದಾರೆ. ಶಿಕ್ಷಕರ ಮಟ್ಟಿಗಂತೂ ಆತ ನಮ್ಮ ಯಾವುದೋ ಹಳ್ಳಿಯ ಶಾಲೆಯ ಜಗಲಿಯಲ್ಲಿ ಕುಳಿತು ಬರೆದನೇನೋ ಎನ್ನುವಷ್ಟು ಅದು ನಿಜ.

ಏಕೆಂದರೆ ಪಾಠ ಮಾಡಿ ಬೇಸತ್ತ ಶಿಕ್ಷಕರನ್ನು ನಾನು ಕಂಡದ್ದು ಅಪರೂಪ. ಪಾಠ ಮಾಡಗೊಡದೆ ಬೇಸರ ಹಿಡಿಸಿಕೊಂಡವರೇ ಎಲ್ಲರೂ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಒಂದು ಹಿರಿಯ ಪ್ರಾಥಮಿಕ ಶಾಲೆಯ ಪ್ರಭಾರ ಮುಖ್ಯ ಶಿಕ್ಷಕಿ. ಹುಡುಗಿಯಾಗಿದ್ದಾಗಲೇ ತನಗಿಂತ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದವಳು. ಕಳೆದ ದೀಪಾವಳಿಯಲ್ಲಿ ಮನೆಗೆ ಬಂದಾಗ ಸ್ವಯಂ ನಿವೃತ್ತಿಯ ಮಾತೆತ್ತಿದಳು. ಮೈಗೆ ಹುಷಾರಿಲ್ಲವೇನಮ್ಮ ಎಂದು ಕೇಳಿದೆ. "ಮೈಗೇನೂ ಆಗಿಲ್ಲ ಸಾರ್, ಮಕ್ಕಳ ಹತ್ತಿರ ಹೋಗೋಕೇ ಪುರುಸೊತ್ತಿಲ್ಲ" ಎಂದಳು. ಆಮೇಲೆ ತನ್ನ ಒಂದು ದಿನದ ವಿವರ ಹೇಳಿದಳು. ಅದರಲ್ಲಿ ದೊಡ್ಡ ಸಂಕಟ ಯಾವುದೂ ಇರಲಿಲ್ಲ. ಅದಕ್ಕೇ ಅದನ್ನು ಇಲ್ಲಿ ಬರೆಯಬೇಕೆನ್ನಿಸಿತು.

ಬೆಳಗಿನ ಪ್ರಾರ್ಥನೆಗೆ ಮುಂಚೆ ಮಕ್ಕಳಿಗೆ ಹಾಲು. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಪ್ರಕಾರ ಒಂದು ಮಗುವಿಗೆ 150 ಮಿಲಿಲೀಟರು. ಪುಡಿಯನ್ನು ತೂಗಿ, ಕದಡಿ, ಎಷ್ಟು ಮಕ್ಕಳು ಕುಡಿದರು, ಎಷ್ಟು ಪುಡಿ ಉಳಿಯಿತು ಎಂಬುದನ್ನು ಪುಸ್ತಕದಲ್ಲಿ ಬರೆಯಬೇಕು. ಹಾಜರಿ ತೆಗೆದು ಅಂಕಿಯನ್ನು ಮೊಬೈಲಿನಿಂದ ಕಳುಹಿಸಬೇಕು. ನೆಟ್‌ವರ್ಕ್ ಸಿಗದಿದ್ದರೆ ಆಟದ ಮೈದಾನದ ಬೇವಿನ ಮರದ ಕಟ್ಟೆಯ ಮೇಲೆ ನಿಂತು ಕಳುಹಿಸಬೇಕು. ಎರಡನೆಯ ಅವಧಿಗೆ ಐದನೆಯ ತರಗತಿಗೆ ಹೋಗಿ ಭಿನ್ನರಾಶಿಯ ಪಾಠ ಆರಂಭಿಸಿದಳೆನ್ನಿ, ವಾಟ್ಸ್‌ಆ್ಯಪಿನಲ್ಲಿ ಸಂದೇಶ: ಶೌಚಾಲಯಗಳ ಸ್ಥಿತಿಗತಿಯ ಮಾಹಿತಿಯನ್ನು ಲಗತ್ತಿಸಿದ ನಮೂನೆಯಲ್ಲಿ ಹನ್ನೆರಡು ಗಂಟೆಯೊಳಗೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಮುಖ್ಯ ಶಿಕ್ಷಕರನ್ನೇ ಹೊಣೆಗಾರರನ್ನಾಗಿ ಮಾಡಲಾಗುವುದು. ಇದೇ ಮಾಹಿತಿಯನ್ನು ಹದಿನೈದು ದಿನದ ಹಿಂದೆ ಬೇರೆ ನಮೂನೆಯಲ್ಲಿ ಕೊಟ್ಟಾಗಿದೆ. ವರ್ಷಕ್ಕೊಮ್ಮೆ ಯುಡೈಸ್ ದಾಖಲೆಯಲ್ಲಿಯೂ ಅದು ಹೋಗಿರುತ್ತದೆ. ಮಕ್ಕಳ ವಿವರಗಳಿಗಾಗಿಯೇ ಸ್ಯಾಟ್ಸ್ ಎಂಬ ಗಣಕ ವ್ಯವಸ್ಥೆಯಿದೆ. ಹಾಗಿದ್ದೂ ಎಷ್ಟು ಹೆಣ್ಣು, ಎಷ್ಟು ಗಂಡು, ಯಾವ ಜಾತಿಯವರು ಎಷ್ಟು ಎಂದು ಕಾಗದದ ಮೇಲೆ ಪುನಃ ಪುನಃ ಕೇಳುತ್ತಾರೆ. ಭಿನ್ನರಾಶಿ ಅಲ್ಲಿಗೇ ನಿಂತಿತು. "ಮುಕ್ಕಾಲು ಅಂದರೆ ಏನು ಅಂತ ಹೇಳಿದ್ದೆ, ಯಾಕೆ ಮುಕ್ಕಾಲು ಅಂತ ಹೇಳೋ ಹೊತ್ತಿಗೆ ಫೋನು ಬಂತು" ಎಂದು ಅವಳು ನಕ್ಕಳು. ಆ ನಗು ನನಗೆ ಅಷ್ಟು ಹಿತವೆನಿಸಲಿಲ್ಲ.

ಮೊಟ್ಟೆಯ ಲೆಕ್ಕವನ್ನು ಕೇಳಿದಾಗಲಂತೂ ನಾನು ಕಾಗದ ಪೆನ್ನು ತೆಗೆದುಕೊಂಡು ಕುಳಿತೆ. 2021ರ ಡಿಸೆಂಬರಿನಲ್ಲಿ ಕೆಲವೇ ಜಿಲ್ಲೆಗಳಲ್ಲಿ ಮೊದಲಾದ ಮೊಟ್ಟೆ ವಿತರಣೆ ರಾಜ್ಯಕ್ಕೆಲ್ಲ ಹರಡಿ, 2024ರಲ್ಲಿ ವಾರದ ಆರು ದಿನಕ್ಕೆ ವಿಸ್ತರಿಸಿತು. ಒಳ್ಳೆಯ ಕಾರ್ಯಕ್ರಮ, ಅನುಮಾನವಿಲ್ಲ. ಖರೀದಿ, ಬೇಯಿಸುವ ಇಂಧನ, ಸಿಪ್ಪೆ ಸುಲಿಯುವ ಕೂಲಿ ಎಲ್ಲ ಸೇರಿ ಒಂದು ಮೊಟ್ಟೆಗೆ 6 ರೂಪಾಯಿ ಎಂದು ಗೊತ್ತುಪಡಿಸಿದ್ದರು. ಆದರೆ ಕೋಳಿಗೆ ಸುತ್ತೋಲೆ ಓದಲು ಬರುವುದಿಲ್ಲ! ಪೇಟೆಯಲ್ಲಿ ದರ ಏರಿದಾಗ ಒಂದು ಮೊಟ್ಟೆಗೆ ಬರೀ 50 ಪೈಸೆ ಕಡಿಮೆಬಿತ್ತೆಂದು ಇಟ್ಟುಕೊಳ್ಳಿ. ಮೊಟ್ಟೆ ತಿನ್ನುವ ಮಕ್ಕಳು 120 ಇದ್ದರೆ ದಿನಕ್ಕೆ 60 ರೂಪಾಯಿ, ವಾರಕ್ಕೆ 360. ಅದು ಎಲ್ಲಿಂದ ಬರಬೇಕು? ಮುಖ್ಯ ಶಿಕ್ಷಕಿಯ ಕೈಚೀಲದಿಂದ. ಕೈಯಿಂದ ಹಾಕಿದ್ದನ್ನು ಲೆಕ್ಕಪುಸ್ತಕದಲ್ಲಿ ತೋರಿಸುವಂತಿಲ್ಲ, ಏಕೆಂದರೆ ಅಂಥದ್ದಕ್ಕೆ ಅಲ್ಲಿ ಕಲಮೇ ಇಲ್ಲ. ಒಂದು ದಿನ ಮೊಟ್ಟೆ ಕೊಡದೆ ಹೋದರೆ ಮಾತ್ರ ನೋಟೀಸು ಬರುತ್ತದೆ. ಹಣದ ಮೊತ್ತ ಅವಳನ್ನು ನೋಯಿಸಲಿಲ್ಲ. ತನ್ನ ಕೈಯಲ್ಲಿಲ್ಲದ ಬೆಲೆಗೆ ತನ್ನನ್ನು ಹೊಣೆ ಮಾಡಿ, ಮೇಲೆ ತನ್ನನ್ನೇ ಸಂಶಯದಿಂದ ನೋಡುತ್ತಾರಲ್ಲ ಎಂಬುದು ಅವಳ ನೋವು.

ಬಿಸಿಯೂಟವನ್ನು ಹಳಿಯುವವರ ಸಾಲಿಗೆ ದಯವಿಟ್ಟು ನನ್ನನ್ನು ಸೇರಿಸಬೇಡಿ. 2002ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಮೊದಲಾಗಿ ನಮ್ಮ ಕಡೆಗೆ ಬಂದಾಗ ಸ್ಟಾಫ್ ರೂಮಿನಲ್ಲಿ ಅದನ್ನು ಸಮರ್ಥಿಸಿ ವಾದಿಸಿದವನು ನಾನು. ಮಧ್ಯಾಹ್ನದ ಮೇಲೆ ಖಾಲಿಯಾಗುತ್ತಿದ್ದ ತರಗತಿ ಅನ್ನದ ಕಂಪಿಗೆ ತುಂಬಿ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಿರಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಹಿರಿಯ ಮಗುವಿಗೆ 150 ಗ್ರಾಂ ಅಕ್ಕಿ: ಆ ಲೆಕ್ಕ ಬರೆಯುವುದು ಪುಣ್ಯದ ಕೆಲಸವೇ. ನನ್ನ ಪ್ರಶ್ನೆ, ಅದನ್ನು ಐದನೆಯ ತರಗತಿಗೆ ಭಿನ್ನರಾಶಿ ಕಲಿಸಬೇಕಾದವರೇ ಏಕೆ ಬರೆಯಬೇಕು ಎಂಬುದಷ್ಟೆ. ಸರ್ಕಾರಿ ಪ್ರೌಢಶಾಲೆಗಾದರೂ ಗುಮಾಸ್ತರ ಹುದ್ದೆ ಇದೆ, ಅದು ಭರ್ತಿಯಾಗಿರುವುದು ಬಿಡುವುದು ಬೇರೆ ಮಾತು. ಪ್ರಾಥಮಿಕ ಶಾಲೆಗೆ ಗುಮಾಸ್ತರೂ ಇಲ್ಲ, ಜವಾನರೂ ಇಲ್ಲ. ಗಂಟೆ ಹೊಡೆಯುವುದರಿಂದ ಹಿಡಿದು ಬ್ಯಾಂಕಿಗೆ ಅಲೆಯುವವರೆಗೆ ಎಲ್ಲವೂ ಶಿಕ್ಷಕರ ಪಾಲು.

ಇನ್ನು ಗಣತಿ, ಚುನಾವಣೆಗಳ ವಿಷಯ. 2007ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಚುನಾವಣೆಯ ಕೆಲಸಕ್ಕೆ ಶಿಕ್ಷಕರನ್ನು ಸಾಮಾನ್ಯವಾಗಿ ರಜಾದಿನಗಳಲ್ಲಿ, ಪಾಠವಿಲ್ಲದ ವೇಳೆಯಲ್ಲಿ ಮಾತ್ರ ಬಳಸಿಕೊಳ್ಳಬೇಕೆಂದು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಪ್ರಕರಣ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಶೈಕ್ಷಣಿಕೇತರ ಕಾರ್ಯಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆನ್ನುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಮ್ಮ ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಅದು ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆಂಬುದನ್ನು ಕಾನೂನು ಬಲ್ಲವರು ತೀರ್ಮಾನಿಸಲಿ. ಸಮೀಕ್ಷೆಯ ಅಗತ್ಯವನ್ನು ನಾನು ಪ್ರಶ್ನಿಸುವುದಿಲ್ಲ. ದಸರಾ ರಜೆಯಲ್ಲಿ ಶಿಕ್ಷಕರು ಮನೆಮನೆಗೆ ಹೋದರು, ಅರವತ್ತು ಪ್ರಶ್ನೆ, ಒಂದೆಡೆ ಆ್ಯಪ್ ತೆರೆಯದು, ಇನ್ನೊಂದೆಡೆ ಮನೆಯವರು ಬಾಗಿಲು ತೆರೆಯರು. ನಿಗದಿತ ಅವಧಿಯಲ್ಲಿ ಮುಗಿಯಲಿಲ್ಲವೆಂದು ಅಕ್ಟೋಬರ್ 18ರವರೆಗೆ ಶಾಲೆಗಳಿಗೇ ರಜೆ ಮುಂದುವರಿಸಿದರು. ನಿಂತುಹೋದ ಪಾಠಗಳನ್ನು ಆಮೇಲೆ ವಿಶೇಷ ತರಗತಿ ಮಾಡಿ ಮುಗಿಸಬೇಕಾದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ರಜೆಯ ಮಾತು ಬಂದುದರಿಂದ ಒಂದು ವಿಷಯ. ಬೇಸಿಗೆ ರಜೆ, ದಸರಾ ರಜೆ ಇರುವ ಇಲಾಖೆ ಎಂಬ ಕಾರಣಕ್ಕೆ ಶಿಕ್ಷಕರಿಗೆ ವರ್ಷಕ್ಕೆ 10 ದಿನ ಮಾತ್ರ ಗಳಿಕೆ ರಜೆ, ಇತರ ನೌಕರರಿಗೆ 30. ರಜೆಯಲ್ಲಿ ಸರ್ಕಾರಿ ಕೆಲಸ ಮಾಡಿದರೆ ಅದಕ್ಕೆ ತಕ್ಕಷ್ಟು ಗಳಿಕೆ ರಜೆಯನ್ನು ಖಾತೆಗೆ ಜಮಾ ಮಾಡಬೇಕು. ಒಂದು ಬೇಸಿಗೆಯಲ್ಲಿ ಮತದಾರರ ಪಟ್ಟಿಯ ಕೆಲಸ ಮಾಡಿದ್ದಕ್ಕೆ ನನ್ನ ಸೇವಾ ಪುಸ್ತಕದಲ್ಲಿ ಹನ್ನೆರಡು ದಿನ ಬರೆಸಲು ನಾನು ಕಚೇರಿಗೆ ಆರು ಬಾರಿ ಹೋದೆ. ಮೊದಲ ಸಲ ಪ್ರಮಾಣಪತ್ರವಿಲ್ಲವೆಂದರು, ಎರಡನೆಯ ಸಲ ಪ್ರಮಾಣಪತ್ರಕ್ಕೆ ಮೊಹರಿಲ್ಲವೆಂದರು, ಮೂರನೆಯ ಸಲ ವಿಷಯ ನಿರ್ವಾಹಕರೇ ಇರಲಿಲ್ಲ. ಆರು ಬಾರಿಯೂ ಹೋದದ್ದು ನನ್ನ ಸಾಂದರ್ಭಿಕ ರಜೆಯಲ್ಲಿ! ಹನ್ನೆರಡರಲ್ಲಿ ಆರು ಹೀಗೆ ಕಳೆಯಿತು. ಸಂಬಳ ಸಾಲದೆಂದು ಕೊರಗಿದ ಶಿಕ್ಷಕರಿಗಿಂತ, ತನಗೆ ನ್ಯಾಯವಾಗಿ ಬರಬೇಕಾದುದಕ್ಕೆ ಮೇಜಿನ ಮುಂದೆ ಕೈಕಟ್ಟಿ ನಿಂತು ಕೊರಗಿದವರನ್ನೇ ನಾನು ಹೆಚ್ಚು ಕಂಡದ್ದು.

ಇಂಥ ಮಾತೆತ್ತಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಮೊದಲನೆಯದು, ಒಳ್ಳೆಯ ಸಂಬಳ, ಬೇಕಾದಷ್ಟು ರಜೆ, ಇನ್ನೇನು ಬೇಕು? ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರಿಗೆ ಹೋಲಿಸಿದರೆ ಶಿಕ್ಷಕರದು ಸುಖದ ಬದುಕು ಎಂಬುದು ಸತ್ಯ. ಆದರೆ ನಾಟಿ ಮಾಡುವವಳನ್ನು ಅರ್ಧಕ್ಕೆ ಕರೆದು, ನೆಟ್ಟ ಪೈರೆಷ್ಟು ಎಂದು ಯಾರೂ ಮೂರು ನಮೂನೆಯಲ್ಲಿ ಬರೆಸುವುದಿಲ್ಲ. ಎರಡನೆಯ ಉತ್ತರ, ಕಾಯಕ ತತ್ತ್ವದ ಉಪದೇಶ. ಶಿಕ್ಷಕರ ದಿನಾಚರಣೆಯ ವೇದಿಕೆಯಲ್ಲಿ ಶರಣರನ್ನು ನೆನೆಯದೆ ಯಾರ ಭಾಷಣವೂ ಮುಗಿಯುವುದಿಲ್ಲ. ಹನ್ನೆರಡನೆಯ ಶತಮಾನದ ಆ ಮಹನೀಯರಲ್ಲಿ ನೇಯುವವನು ನೇಯ್ದ, ದೋಣಿ ನಡೆಸುವವನು ದೋಣಿ ನಡೆಸಿದ. ಅವರವರ ಕಾಯಕ ಅವರವರ ಕೈಯಲ್ಲಿತ್ತು. ಮಗ್ಗದ ಮುಂದಿನಿಂದ ನೇಕಾರನನ್ನು ಎಬ್ಬಿಸಿ ಊರಿನ ಎಮ್ಮೆಗಳನ್ನು ಎಣಿಸಿಕೊಂಡು ಬಾ ಎಂದು ಕಳುಹಿಸಿ, ಸಂಜೆ ಬಟ್ಟೆ ಎಲ್ಲಿ ಎಂದು ಕೇಳಿದ್ದಿದ್ದರೆ ಕಾಯಕದ ಮಾತು ಎಲ್ಲಿಗೆ ಹೋಗುತ್ತಿತ್ತೋ!

ಕೆಲಸ ಕೈಯಲ್ಲಿದ್ದಾಗ ಶಿಕ್ಷಕರು ಹೇಗಿರುತ್ತಾರೆ ಎಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವುಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಕೆಲವು ಶಿಕ್ಷಕರು ಋಷಿವ್ಯಾಲಿಯ ಪದ್ಧತಿಯನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿಯನ್ನು ರೂಪಿಸಿದರು. ಕಲಿಕೆಯ ಕಾರ್ಡುಗಳನ್ನು ತಾವೇ ಬರೆದರು, ಹಾಡು ಕಟ್ಟಿದರು, ಸರಿ ಬಾರದ್ದನ್ನು ತಿದ್ದಿದರು. ಅದು ಹೆಚ್ಚುವರಿ ದುಡಿಮೆಯೇ. ಆದರೆ ಅದು ಅವರದಾಗಿತ್ತು. ಮುಂದೆ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೆ ನಲಿ-ಕಲಿ ಹೋದಾಗ ಕಾರ್ಡುಗಳು ಮುದ್ರಿತವಾಗಿ ಮೇಲಿನಿಂದ ಬಂದವು. ಪದ್ಧತಿ ಅದೇ, ಕಾರ್ಡೂ ಹೆಚ್ಚುಕಡಿಮೆ ಅವೇ. ಆದರೂ ಅನೇಕ ಶಾಲೆಗಳಲ್ಲಿ ಅದು ತುಂಬಬೇಕಾದ ಇನ್ನೊಂದು ನಮೂನೆಯಾಗಿ ಉಳಿಯಿತು. ಯಾವ ತರಬೇತಿಯೂ ಈ ವ್ಯತ್ಯಾಸವನ್ನು ತುಂಬಲಾರದೆಂದು ನನ್ನ ಎಣಿಕೆ.

ನಾನು ಕೇಳುವುದು ಬಹಳ ಸಣ್ಣದು. ಒಂದು ಕ್ಲಸ್ಟರಿನ ಪ್ರಾಥಮಿಕ ಶಾಲೆಗಳಿಗೆಲ್ಲ ಸೇರಿ ಇಬ್ಬರು ಗುಮಾಸ್ತರನ್ನು ಕೊಡಿ. ಹಾಲು, ಮೊಟ್ಟೆ, ಅಕ್ಕಿ, ಬ್ಯಾಂಕು ಇವುಗಳ ಲೆಕ್ಕ ಅವರದಾಗಲಿ. ಮೊಟ್ಟೆಯ ದರವನ್ನು ಪೇಟೆಯ ದರದೊಡನೆ ತಿಂಗಳಿಗೊಮ್ಮೆ ಹೊಂದಿಸಿ. ಗಣಕದಲ್ಲಿ ಇರುವ ಅಂಕಿಯನ್ನು ಕಾಗದದಲ್ಲಿ ಕೇಳಿದ ಕಚೇರಿಗೆ, ಅದು ಗಣಕದಲ್ಲಿದೆ ಎಂದು ಬರೆದು ಹಿಂದಿರುಗಿಸುವ ಅಧಿಕಾರ ಮುಖ್ಯ ಶಿಕ್ಷಕರಿಗಿರಲಿ. ಶಾಲೆಯ ಗಂಟೆ ಹೊಡೆದಾಗಿನಿಂದ ಸಂಜೆ ಬಿಡುವವರೆಗೆ ಯಾವ ಕಚೇರಿಯೂ ತುರ್ತು ಸಂದೇಶ ಕಳುಹಿಸದಿರಲಿ. ನಿಜವಾದ ತುರ್ತು ವರ್ಷಕ್ಕೆ ಎರಡೋ ಮೂರೋ ಬಂದೀತು, ಅದಕ್ಕೆ ಫೋನು ಮಾಡಬಹುದು. 2027ರ ಮಾರ್ಚ್ 1ನ್ನು ಆಧಾರದಿನವಾಗಿರಿಸಿಕೊಂಡು ಜನಗಣತಿ ನಡೆಸಲು 2025ರ ಜೂನ್‌ನಲ್ಲಿಯೇ ಅಧಿಸೂಚನೆ ಹೊರಟಿದೆ. ಎಣಿಕೆ ನಡೆಯುವುದು ಅದರ ಹಿಂದುಮುಂದಿನ ದಿನಗಳಲ್ಲಿ, ಅಂದರೆ ಪರೀಕ್ಷೆಗಳ ಹೊಸ್ತಿಲಲ್ಲಿ. ಆ ದಿನಗಳಿಗೆ ಬದಲಿ ವ್ಯವಸ್ಥೆಯನ್ನೂ, ಶಿಕ್ಷಕರಿಗೆ ಸಲ್ಲಬೇಕಾದ ಗಳಿಕೆ ರಜೆಯ ಆದೇಶವನ್ನೂ ಮೊದಲೇ ಸಿದ್ಧಪಡಿಸಿಕೊಂಡು, ಆಮೇಲೆ ಅವರ ಕೈಗೆ ನೇಮಕ ಪತ್ರವನ್ನು ಕೊಡಲಿ.